ಟಗರಿಗೆ ಹಿಂದೆ ಸರಿಯಲು ಜಾಗ ಕೊಡಬೇಡಿ

ಕುರಿಗೆ ಕತ್ತರಿ ಹಾಕಿದ ದಿನ ಸಂಜೆ ರೊಪ್ಪದ ಕಡೆ ಒಂದು ಕಣ್ಣಿಟ್ಟಿರಬೇಕು. ಬೆಳಗ್ಗೆವರೆಗೂ ಒಂದೇ ಬಾನಿಯಲ್ಲಿ ನೀರು ಕುಡಿದು, ಒಂದಕ್ಕೊಂದು ಒರಗಿ ಮಲಗುತ್ತಿದ್ದ ಎರಡು ಟಗರು ಸಂಜೆಗೆ ಜನ್ಮದ ವೈರಿಗಳಂತೆ ಎದುರುಬದುರಾಗುತ್ತವೆ. ಕಂದಿಕೆರೆ, ಹುಳಿಯಾರು, ಹಂದನಕೆರೆ ಕಡೆಯ ಹಟ್ಟಿಗಳಲ್ಲಿ ಕುರಿ ಕಾಯುವ ಹಿರಿಯರಿಗೆ ಇದು ಹೊಸದಲ್ಲ. ಆದರೆ ಈಚೆಗೆ ತೆಂಗಿನ ತೋಟದ ಮೂಲೆಯಲ್ಲಿ ಶೆಡ್ಡು ಹಾಕಿ, ಹತ್ತಿಪ್ಪತ್ತು ಮರಿ ತಂದು ಕಟ್ಟಿ ಮೇಯಿಸುವ ಹೊಸಬರಿಗೆ ಈ ಸಂಜೆಯ ಅಪಾಯ ಗೊತ್ತಿರುವುದಿಲ್ಲ. ಮಾರನೆಯ ದಿನ ಒಂದು ಟಗರಿನ ಕೊಂಬಿನ ಬುಡದಲ್ಲಿ ರಕ್ತ, ಇನ್ನೊಂದು ಮೇವು ಮುಟ್ಟದೆ ಮೂಲೆ ಹಿಡಿದಿರುತ್ತದೆ.

ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಯ ಈ ಸೀಮೆಯಲ್ಲಿ ತೆಂಗಿಗೂ ಕುರಿಗೂ ಹಳೆಯ ನಂಟು. ಸುಗ್ಗಿ ಮುಗಿದ ಮೇಲೆ ತೋಟದಲ್ಲಿ ಕುರಿ ಮಂದೆ ಹಾಕಿಸಿದರೆ ಮರಗಳಿಗೆ ಗೊಬ್ಬರ, ಕುರಿಯವರಿಗೆ ಕೈಗಿಷ್ಟು ದುಡ್ಡು ಅಥವಾ ರಾಗಿ. ಬಯಲಲ್ಲಿ ಓಡಾಡುವ ಹಿಂಡಿನಲ್ಲಿ ಸೋತ ಟಗರು ದೂರ ಸರಿದು ಬದುಕಿಕೊಳ್ಳುತ್ತಿತ್ತು. ನಾಲ್ಕು ಗೋಡೆಯ ಶೆಡ್ಡಿನಲ್ಲಿ ಅದು ಎಲ್ಲಿಗೆ ಹೋಗಬೇಕು? ಸಾಕುವ ರೀತಿ ಬದಲಾದಾಗ ಕಾಳಜಿಯ ರೀತಿಯೂ ಬದಲಾಗಬೇಕಾದದ್ದು ಇಲ್ಲಿಯೇ.

ಮೊದಲು, ಅವು ಯಾಕೆ ಕಾದಾಡುತ್ತವೆ ಎಂಬುದು. ಹಿಂಡೆಂದರೆ ಕುರಿಗಳಿಗೆ ಬರೀ ಗುಂಪಲ್ಲ. ಅಲ್ಲಿ ಯಾರು ಮುಂದೆ, ಯಾರು ಹಿಂದೆ ಎಂಬ ಲೆಕ್ಕವಿದೆ. ಟಗರುಗಳಲ್ಲಿ ಆ ಲೆಕ್ಕ ತೀರ್ಮಾನವಾಗುವುದು ತಲೆಯಿಂದ. ಒಮ್ಮೆ ತೀರ್ಮಾನವಾದರೆ ಮುಂದೆ ಗುದ್ದಾಟ ಬೇಕಿಲ್ಲ. ಮೇಲಿನದು ಕತ್ತು ತಗ್ಗಿಸಿ ನೋಡಿದರೆ ಸಾಕು, ಕೆಳಗಿನದು ಸರಿದು ದಾರಿ ಬಿಡುತ್ತದೆ. ಇದಕ್ಕೆ ಬೇಕಾದ ನೆನಪು ಕುರಿಗೆ ಧಾರಾಳವಾಗಿದೆ. ಇಂಗ್ಲೆಂಡಿನ ಕೇಂಬ್ರಿಡ್ಜ್ ಬಳಿಯ ಬಾಬ್ರಹಾಂ ಸಂಸ್ಥೆಯಲ್ಲಿ ಕೀತ್ ಕೆಂಡ್ರಿಕ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಕುರಿ 50 ಕುರಿಗಳ ಮುಖವನ್ನು ಎರಡು ವರ್ಷದವರೆಗೂ ನೆನಪಿಡಬಲ್ಲದು. 'ಕುರಿ ಹಾಗೆ ದಡ್ಡ' ಎನ್ನುವ ನಮ್ಮ ಬೈಗುಳ ಕುರಿಗೆ ಮಾಡುವ ಅನ್ಯಾಯವೇ ಸರಿ.

ಗುರುತಿಗೆ ಮುಖವೊಂದೇ ಅಲ್ಲ, ವಾಸನೆಯೂ ಬೇಕು. ಉಣ್ಣೆ ತೆಗೆದಾಗ ಮೈಯ ಆಕಾರ, ವಾಸನೆ ಎರಡೂ ಬದಲಾಗಿ ಹಳೆಯ ಲೆಕ್ಕ ಗೊಂದಲಕ್ಕೆ ಬೀಳುತ್ತದೆ. ಸಂತೆಯಿಂದ ಹೊಸ ಟಗರು ಬಂದಾಗ, ಕಾಯಿಲೆಯೆಂದು ಕೆಲವು ದಿನ ಬೇರೆ ಕಟ್ಟಿದ್ದು ವಾಪಸು ಬಂದಾಗ, ಕುರಿಗಳು ಬೆದೆಗೆ ಬಂದಾಗಲೂ ಇದೇ ಕಥೆ.

ಗುದ್ದಾಟವನ್ನು ಒಮ್ಮೆ ಹತ್ತಿರದಿಂದ ಗಮನಿಸಿ. ಎರಡೂ ಮೂತಿ ಚಾಚಿ ಮೂಸುತ್ತವೆ. ಒಂದು ಮುಂಗಾಲಿನಿಂದ ಎದುರಿನದರ ಎದೆಗೆ ಒದೆಯುತ್ತದೆ. ಭುಜಕ್ಕೆ ಭುಜ ತಾಗಿಸಿ ತಳ್ಳಾಟ. ಇಲ್ಲಿಯವರೆಗೆ ಹೆದರುವಂಥದ್ದೇನಿಲ್ಲ. ಆಮೇಲೆ ಎರಡೂ ಮುಖ ತಿರುಗಿಸದೆ, ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತಾ ಹೋಗುತ್ತವೆ. ಅಪಾಯವೆಲ್ಲ ಇರುವುದು ಆ ಹಿಂದಿನ ಹೆಜ್ಜೆಗಳಲ್ಲಿ.

ಲೆಕ್ಕ ಹಾಕೋಣ. 40 ಕೆ.ಜಿ. ತೂಕದ ಟಗರು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡಿ ಬಂದರೆ ಅದರ ಚಲನಶಕ್ತಿ 500 ಜೂಲ್. ನಮ್ಮ ಸೀಮೆಯವರಿಗೆ ಅರ್ಥವಾಗುವ ಹಾಗೆ ಹೇಳುವುದಾದರೆ, ಐವತ್ತಡಿ ಎತ್ತರದ ಮರದಿಂದ ಒಂದೂಕಾಲು ಕೆ.ಜಿ.ಯ ತೆಂಗಿನಕಾಯಿ ಬಿದ್ದಾಗ ಆಗುವ ಪೆಟ್ಟು ಸುಮಾರು 187 ಜೂಲ್. ಅಂಥ ಸುಮಾರು ಎರಡು ಮುಕ್ಕಾಲು ಕಾಯಿ ಒಟ್ಟಿಗೆ ತಲೆಯ ಮೇಲೆ ಬಿದ್ದ ಲೆಕ್ಕ, ಅದೂ ಎರಡೂ ತಲೆಗೆ ತಲಾ ಅಷ್ಟು. ಈಗ ಅದೇ ಟಗರಿಗೆ ಹಿಂದೆ ಸರಿಯಲು ಎರಡೇ ಹೆಜ್ಜೆ ಜಾಗವಿದೆ, ವೇಗ ಸೆಕೆಂಡಿಗೆ ಒಂದೂವರೆ ಮೀಟರ್ ದಾಟುವುದಿಲ್ಲ ಎಂದುಕೊಳ್ಳಿ. ಪೆಟ್ಟು 45 ಜೂಲಿಗೆ ಇಳಿಯುತ್ತದೆ, ಅಂದರೆ ಹನ್ನೊಂದರಲ್ಲಿ ಒಂದು ಪಾಲು. ಶಕ್ತಿಯು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಓಟದ ಜಾಗ ಕಡಿಮೆ ಮಾಡಿ ವೇಗ ಸ್ವಲ್ಪ ತಗ್ಗಿಸಿದರೂ ಪೆಟ್ಟು ಬಹಳ ಇಳಿಯುತ್ತದೆ.

'ಟಗರಿನ ತಲೆ ಕಲ್ಲು, ಏನೂ ಆಗಲ್ಲ' ಎನ್ನುವ ಮಾತನ್ನು ನಂಬಬೇಡಿ. ಹಣೆಯ ಮೂಳೆ ದಪ್ಪವಿರುವುದು ನಿಜ, ಅದರೊಳಗೆ ಗಾಳಿ ತುಂಬಿದ ಗೂಡುಗಳಿರುವುದೂ ನಿಜ. ಆದರೂ ಮಿದುಳು ಒಳಗೆ ಅಲುಗಾಡದೆ ಇರುವುದಿಲ್ಲ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೂರು ಮಸ್ಕ್ ಆಕ್ಸ್ ಮತ್ತು ನಾಲ್ಕು ಬಿಗ್‌ಹಾರ್ನ್ ಕಾಡುಕುರಿಗಳ ಮಿದುಳನ್ನು ಪರೀಕ್ಷಿಸಿದರು. ಎರಡೂ ತಲೆ ಗುದ್ದಿಸಿ ಕಾದುವ ಪ್ರಾಣಿಗಳೇ. ಪೆಟ್ಟು ತಿಂದ ಮನುಷ್ಯರ ಮಿದುಳಿನಲ್ಲಿ ಕಾಣುವಂಥ ಟೌ ಪ್ರೋಟೀನಿನ ಕುರುಹು ಮಸ್ಕ್ ಆಕ್ಸ್‌ಗಳಲ್ಲಿ ಸಿಕ್ಕಿತು. ಕಾಡುಕುರಿಗಳಲ್ಲಿ ತೀರಾ ಕಡಿಮೆ. ಗುದ್ದಲೆಂದೇ ರೂಪುಗೊಂಡ ತಲೆಗೂ ಗುದ್ದಿನ ಬೆಲೆ ತಪ್ಪುವುದಿಲ್ಲ ಎನ್ನಲು ಇಷ್ಟು ಸಾಕು. ಇನ್ನು ಕತ್ತಿನ ಮೂಳೆ ಮುರಿದು ನಿಂತಲ್ಲೇ ಸತ್ತ ಟಗರುಗಳ ಸಂಗತಿ ಕುರಿ ಸಾಕುವವರಿಗೆ ಹೇಳಿಕೊಡಬೇಕಿಲ್ಲ.

ಹಾಗಾದರೆ ಹೊಸ ಟಗರನ್ನು ಹಿಂಡಿಗೆ ಸೇರಿಸುವುದು ಹೇಗೆ? ತಂದ ದಿನವೇ ಬಿಡಬಾರದು. ಕನಿಷ್ಠ ಮೂರು ವಾರ ದೂರ ಕಟ್ಟಿ, ಕಾಯಿಲೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಪಿಪಿಆರ್, ಕುರಿ ಸಿಡುಬು ಹಿಂಡಿಗೆ ನುಗ್ಗುವುದು ಹೆಚ್ಚಾಗಿ ಹೊಸದಾಗಿ ತಂದ ಕುರಿಯಿಂದಲೇ. ಕೊನೆಯ ನಾಲ್ಕೈದು ದಿನ ನಡುವೆ ಗಟ್ಟಿ ಜಾಲರಿ ಇಟ್ಟು ಅವು ನೋಡುವ, ಮೂಸುವ ಹಾಗೆ ಮಾಡಿ. ಆಮೇಲೆ ಸಣ್ಣ ದೊಡ್ಡಿಯೊಂದರಲ್ಲಿ ಎಲ್ಲ ಟಗರುಗಳನ್ನೂ ಭುಜಕ್ಕೆ ಭುಜ ತಾಗುವಷ್ಟು ಒತ್ತಾಗಿ ಒಂದೆರಡು ದಿನ ಕೂಡಿ. ಹಿಂದೆ ಸರಿಯಲು ಜಾಗವಿಲ್ಲದೆ ಅವು ತಳ್ಳಾಡಿ, ಮೂಸಾಡಿ, ಸುಸ್ತಾಗಿ, ಒಂದರ ವಾಸನೆ ಇನ್ನೊಂದಕ್ಕೆ ಹತ್ತಿ ಒಂದು ತೀರ್ಮಾನಕ್ಕೆ ಬರುತ್ತವೆ. ಕುರಿ ಸಾಕಣೆ ದೊಡ್ಡ ಮಟ್ಟದಲ್ಲಿರುವ ಹೊರದೇಶಗಳಲ್ಲೂ ಇದೇ ಉಪಾಯ ನಡೆಯುತ್ತದೆ. ಮೇವು, ನೀರು, ನೆರಳು ಅಲ್ಲಿಯೇ ಸಿಗಬೇಕು. ಬೇಸಿಗೆಯ ನಡುಹಗಲಲ್ಲಿ ತಗಡಿನ ಕೆಳಗೆ ಹೀಗೆ ಕೂಡಿದರೆ ಸೆಕೆಗೇ ಸಾಯುತ್ತವೆ. ಕೊಂಬಿನ ದೊಡ್ಡ ಟಗರಿನ ಜೊತೆ ಕೊಂಬಿಲ್ಲದ ಎಳೆಯದನ್ನು ಮಾತ್ರ ಯಾವ ಕಾರಣಕ್ಕೂ ಕೂಡಬೇಡಿ.

ಒಮ್ಮೆ ಹೊಂದಿಕೊಂಡ ಮೇಲೆ ಲೆಕ್ಕ ತಿರುವುಮುರುವು. ಈಗ ಇಕ್ಕಟ್ಟೇ ಜಗಳದ ಮೂಲ. ಬೆಳೆದ ಕುರಿಗೆ ಸುಮಾರು 10 ಚದರಡಿ, ಬೀಜದ ಟಗರಿಗೆ ಅದರ ಎರಡು ಮೂರು ಪಟ್ಟು ಜಾಗ ಬೇಕು. ಗೋದಲಿಯಲ್ಲಿ ತಲೆಗೆ ಒಂದೂವರೆ ಅಡಿಯಾದರೂ ಇರಲಿ. ಹಿಂಡಿ ಒಂದೇ ಬುಟ್ಟಿಯಲ್ಲಿ ಸುರಿದರೆ ಬಲದವು ತಿಂದು ಬಡವು ಉಪವಾಸ ಬೀಳುತ್ತವೆ. ಗುದ್ದು ಬೀಳುವುದೂ ಅಲ್ಲೇ. ಗಬ್ಬದ ಕುರಿಗಳ ಹೊಟ್ಟೆಗೆ ಏಟು ಬಿದ್ದರೆ ಗರ್ಭ ಜಾರುತ್ತದೆ, ಅವುಗಳಿಗೆ ಬೇರೆ ಅಂಕಣವೇ ಆಗಬೇಕು. ಮೂವತ್ತು ಕುರಿಗೆ ಒಂದು ಒಳ್ಳೆಯ ಟಗರು ಸಾಕಾಗಿರುವಾಗ ನಾಲ್ಕನ್ನು ಬೀಜಕ್ಕೆ ಇಟ್ಟುಕೊಳ್ಳುವುದು ಬರೀ ಜಗಳ ಸಾಕಿದಂತೆ. ಮಾಂಸಕ್ಕೆ ಬೆಳೆಸುವ ಗಂಡುಮರಿಗಳಿಗೆ ಎಳೆಯದರಲ್ಲೇ ಪಶುವೈದ್ಯರಿಂದ ಬೀಜ ಒಡೆಸಿದರೆ ಅರ್ಧ ತಾಪತ್ರಯ ತಪ್ಪುತ್ತದೆ. ಬನ್ನೂರು ತಳಿಗೆ ಕೊಂಬಿಲ್ಲ ಎಂಬುದೂ ಶೆಡ್ಡಿನಲ್ಲಿ ಸಾಕುವವರು ಯೋಚಿಸಬೇಕಾದ ಗುಣವೇ.

ಇಕ್ಕಟ್ಟಿನ ಉಪಾಯ ಎಲ್ಲ ಪ್ರಾಣಿಗೂ ಹೊಂದುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಪೇಟೆಯ ಮನೆಗಳಲ್ಲಿ ಮಕ್ಕಳು ಪ್ರೀತಿಯಿಂದ ಸಾಕುವ ಗಿನಿಪಿಗ್‌ಗಳ ಆಯುಧ ಓಟವಲ್ಲ, ಹಲ್ಲು. ಅಲ್ಲಿ ಸೋತದ್ದು ಓಡಿ ಅವಿತುಕೊಳ್ಳಲು ದಾರಿ ಇರಲೇಬೇಕು. ಆದ್ದರಿಂದ ಎರಡು ಗಂಡುಗಳನ್ನು ಯಾವುದರದ್ದೂ ಅಲ್ಲದ ವಿಶಾಲ ಜಾಗದಲ್ಲಿ ಪರಿಚಯ ಮಾಡಿಸಿ, ಎರಡು ಬಾಗಿಲಿನ ಗೂಡು ಇಡಬೇಕು. ಅವುಗಳ ದೇಹ ಸಿ ಜೀವಸತ್ವ ತಯಾರಿಸಿಕೊಳ್ಳಲಾರದು. ಹಸಿರು ಸೊಪ್ಪು ಸಿಗದಿದ್ದರೆ ಗಾಯ ಮಾಯುವುದಿಲ್ಲ. ಪೆನಿಸಿಲಿನ್, ಅಮಾಕ್ಸಿಸಿಲಿನ್ ಅವುಗಳ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಪ್ರಾಣವನ್ನೇ ತೆಗೆಯಬಹುದು. ಕುರಿಗೆ ತಂದ ಔಷಧವನ್ನು ಅವಕ್ಕೆ ಕೊಡಲೇಬಾರದು.

ಗಾಯದ ಮಾತಿಗೆ ಬರೋಣ. ಕುರಿಯ ಗಾಯ ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಉಣ್ಣೆ ಮುಚ್ಚಿಕೊಂಡಿರುವುದರಿಂದ ಕೊಂಬಿನ ಬುಡ, ಕಿವಿಯ ಹಿಂದೆ, ಕತ್ತು, ಪಕ್ಕೆ, ತೊಡೆಯ ಸಂದಿಗಳನ್ನು ಬೆರಳಾಡಿಸಿ ನೋಡಬೇಕು. ಒದ್ದೆಯಾಗಿ ಅಂಟಿದ ಕೂದಲು, ಬಿಸಿಯಾದ ಊತ, ಕೆಟ್ಟ ವಾಸನೆ, ಆ ಜಾಗವನ್ನೇ ಮತ್ತೆಮತ್ತೆ ಕಚ್ಚಿಕೊಳ್ಳುವುದು ಇವೆಲ್ಲ ಸುಳಿವು. ರಕ್ತ ಜಿನುಗುತ್ತಿದ್ದರೆ ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಿಂತ ಮೇಲೆ ಸುತ್ತಲ ಉಣ್ಣೆ ಕತ್ತರಿಸಿ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಸುಮಾರು 9 ಗ್ರಾಂ ಉಪ್ಪು ಹಾಕಿ ಧಾರಾಳವಾಗಿ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ. ಬೂದಿ, ಸೆಗಣಿ, ಸೀಮೆಎಣ್ಣೆ, ಫಿನೈಲು ಯಾವುದೂ ಬೇಡ. ಇವು ಹಸಿ ಮಾಂಸವನ್ನು ಸುಡುತ್ತವೆ ಇಲ್ಲವೇ ಕೊಳೆ ತುಂಬುತ್ತವೆ.

ಕೊಂಬು ಮುರಿದಿದ್ದರೆ ಎಚ್ಚರ ಹೆಚ್ಚು ಬೇಕು. ಹೊರಗಿನ ಕವಚ ನಮ್ಮ ಉಗುರಿನ ಜಾತಿಯದು, ಒಳಗಿರುವುದು ರಕ್ತ ಹರಿಯುವ ಜೀವಂತ ಮೂಳೆ. ಬೆಳೆದ ಟಗರಿನಲ್ಲಿ ಹಣೆಯ ಗಾಳಿಗೂಡು ಆ ಮೂಳೆಯ ಒಳಕ್ಕೂ ಚಾಚಿರುತ್ತದೆ. ಬುಡದಲ್ಲಿ ಮುರಿದರೆ ತಲೆಯೊಳಕ್ಕೆ ಬಾಗಿಲು ತೆರೆದಂತೆಯೇ. ಅದರೊಳಕ್ಕೆ ನೀರನ್ನಾಗಲಿ ಎಣ್ಣೆಯನ್ನಾಗಲಿ ಸುರಿಯದೆ, ಶುದ್ಧ ಬಟ್ಟೆ ಮುಚ್ಚಿ ಕಟ್ಟಿ ವೈದ್ಯರಿಗೆ ತೋರಿಸಿ.

ಮಳೆಗಾಲದಲ್ಲಿ ಸಣ್ಣ ಗಾಯವೂ ಒಂದೆರಡು ದಿನದಲ್ಲಿ ಹುಳ ಬಿದ್ದ ಗಾಯವಾಗುತ್ತದೆ. ಕ್ರೈಸೋಮಿಯ ಬೆಜ್ಜಿಯಾನ ಎಂಬ ನೊಣ ಗಾಯದ ಅಂಚಿನಲ್ಲಿ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನು ಒಟ್ಟಿಗೆ ಇಡುತ್ತದೆ. ಒಂದು ದಿನದೊಳಗೆ ಮರಿ ಒಡೆದು, ಕೊಳೆತದ್ದನ್ನಲ್ಲ, ಜೀವಂತ ಮಾಂಸವನ್ನೇ ಕೊರೆಯುತ್ತಾ ಒಳಕ್ಕೆ ಇಳಿಯುತ್ತವೆ. ಆರೇಳು ದಿನದಲ್ಲಿ ಕೊಬ್ಬಿ ನೆಲಕ್ಕುದುರಿ ಮಣ್ಣಿನಲ್ಲಿ ಕೋಶ ಕಟ್ಟುತ್ತವೆ. ಆದ್ದರಿಂದ ತೆಗೆದ ಹುಳಗಳನ್ನು ಅಲ್ಲೇ ಉದುರಿಸದೆ ಕುದಿನೀರಿಗೆ ಹಾಕಿ ಕೊಲ್ಲಬೇಕು. ಟರ್ಪೆಂಟೈನ್ ಅದ್ದಿದ ಹತ್ತಿ ಇಟ್ಟರೆ ಉಸಿರು ಕಟ್ಟಿ ಮೇಲೆ ಬರುತ್ತವೆ, ಚಿಮುಟದಿಂದ ಒಂದೂ ಬಿಡದೆ ತೆಗೆಯಬೇಕು. ನಮ್ಮ ಮನೆಯಲ್ಲೇ ಇರುವ ಮದ್ದಿಗೂ ಇಲ್ಲಿ ಜಾಗವಿದೆ. ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ದನಗಳ ಕಾಲಿನ ಹುಣ್ಣಿಗೆ ಪ್ರಚಾರ ಮಾಡುತ್ತಿರುವ ನಾಟಿ ಔಷಧದಲ್ಲಿ ಕುಪ್ಪಿಗಿಡ, ಬೇವು, ಬೆಳ್ಳುಳ್ಳಿ, ಅರಿಶಿನವನ್ನು ಎಣ್ಣೆಯಲ್ಲಿ ಕಾಯಿಸುತ್ತಾರೆ. ಹುಳವಿದ್ದರೆ ಮೊದಲ ದಿನ ಸೀತಾಫಲದ ಎಲೆ ಅರೆದು ಅಥವಾ ಕರ್ಪೂರ ಬೆರೆಸಿದ ತೆಂಗಿನೆಣ್ಣೆ ಹಚ್ಚಲು ಹೇಳುತ್ತಾರೆ. ಮೇಲುಗಾಯಕ್ಕೆ ಇದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಆಳದ ಗಾಯಕ್ಕೆ, ತಲೆಯ ಗಾಯಕ್ಕೆ ಇದನ್ನೇ ನಂಬಿ ಕೂರುವುದು ಸಲ್ಲದು.

ಯಾಕೆಂದರೆ ರೊಪ್ಪದ ಮಣ್ಣಲ್ಲಿ, ಹಿಕ್ಕೆಯಲ್ಲಿ ಧನುರ್ವಾಯುವಿನ ಬೀಜಕಣಗಳಿರುತ್ತವೆ. ಬಾಯಿ ಚಿಕ್ಕದಾಗಿ ಒಳಗೆ ಆಳವಾದ ಗಾಯದಲ್ಲಿ ಗಾಳಿ ಆಡದ ಕಾರಣ ಅವು ಮೊಳೆತು ವಿಷ ಕಾರುತ್ತವೆ. ಕೆಲವು ದಿನಗಳ ನಂತರ, ಗಾಯ ಮಾಯ್ದ ಹಾಗೆ ಕಂಡ ಹೊತ್ತಿಗೆ, ಕಾಲು ಮರದಂತೆ ಸೆಟೆದು, ಕಿವಿ ನಿಮಿರಿ, ದವಡೆ ಕಚ್ಚಿಕೊಳ್ಳುತ್ತದೆ. ಅಷ್ಟರಲ್ಲಿ ಕಾಲ ಮಿಂಚಿರುತ್ತದೆ. ಗಾಯವಾದ ದಿನವೇ ಚುಚ್ಚುಮದ್ದು ಹಾಕಿಸುವುದೊಂದೇ ಭದ್ರವಾದ ದಾರಿ. ನೋವಿಗೆಂದು ಮನುಷ್ಯರ ಡೈಕ್ಲೋಫೆನಾಕ್ ಚುಚ್ಚಬೇಡಿ. ಅದನ್ನು ಚುಚ್ಚಿದ ಪ್ರಾಣಿ ಸತ್ತು, ಆ ಹೆಣ ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ ಎಂದು ಗೊತ್ತಾಗಿ 2006ರಲ್ಲೇ ಪಶುಗಳಿಗೆ ಅದರ ಬಳಕೆ ನಿಷೇಧವಾಗಿದೆ. ಮೆಲಾಕ್ಸಿಕಾಂ ಇದೆ, ಪಶುವೈದ್ಯರು ತೂಕ ನೋಡಿ ಕೊಡುತ್ತಾರೆ.

ರಕ್ತವೇ ಕಾಣದ ಪೆಟ್ಟು ಇನ್ನೂ ಕೆಟ್ಟದ್ದು. ಗುದ್ದಾಟದ ನಂತರ ಟಗರು ತಲೆ ಓರೆ ಮಾಡಿ ನಿಂತರೆ, ಸುತ್ತುತ್ತಿದ್ದರೆ, ಗೋಡೆಗೆ ಹಣೆ ಒತ್ತಿದರೆ, ಮೆಲುಕು ನಿಲ್ಲಿಸಿದರೆ ಮಿದುಳಿಗೆ ಏಟಾಗಿದೆ ಎಂದೇ ತಿಳಿಯಿರಿ. ನೆರಳಿನಲ್ಲಿ, ಮೆತ್ತಗೆ ಹುಲ್ಲು ಹಾಸಿದ ಕಡೆ ಒಂಟಿಯಾಗಿ, ಆದರೆ ಬೇರೆ ಕುರಿಗಳು ಕಣ್ಣಿಗೆ ಬೀಳುವಂತೆ ಇರಿಸಿ. ಬಾಯಿಗೆ ಬಲವಂತವಾಗಿ ನೀರು ಹುಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ಪಂದ್ಯ ಕಟ್ಟಿ ಟಗರು ಕಾಳಗ ಆಡಿಸುವವರಿದ್ದಾರೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ ಪ್ರಾಣಿಗಳನ್ನು ಕಾದಾಟಕ್ಕೆ ಎತ್ತಿಕಟ್ಟುವುದು ಅಪರಾಧ. ರೊಪ್ಪದಲ್ಲಿ ತಾನಾಗಿ ಆಗುವ ಗುದ್ದಾಟವನ್ನೇ ಇಷ್ಟು ಪಾಡುಪಟ್ಟು ತಡೆಯಬೇಕಾಗಿರುವಾಗ, ಇಪ್ಪತ್ತು ಹೆಜ್ಜೆ ದೂರ ಎಳೆದು ನಿಲ್ಲಿಸಿ ಬಿಡುವುದು ಕ್ರೌರ್ಯವಲ್ಲದೆ ಮತ್ತೇನಲ್ಲ.

ಕತ್ತರಿ ಹಾಕುವ ದಿನ ಗೊತ್ತು ಮಾಡುವಾಗಲೇ ಟಗರುಗಳಿಗೆ ಚಿಕ್ಕ ದೊಡ್ಡಿ ಸಿದ್ಧವಿರಲಿ. ಗಾಯ ಕಂಡರೆ ನಾಳೆಗೆ ಬಿಡದೆ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ. ಸಾಗಿಸಲಾಗದಿದ್ದರೆ ಪಶು ಸಂಚಾರಿ ಚಿಕಿತ್ಸಾ ವಾಹನಕ್ಕಾಗಿ 1962ಕ್ಕೆ ಫೋನ್ ಮಾಡಿ, ಕರೆಗೆ ದುಡ್ಡಿಲ್ಲ.