ಬೆನ್ನಿಗೆ ಹೊರುವ ಬಲವಾದ ಗಾಳಿಯಂತ್ರ: ಅದನ್ನು ಆರಿಸುವ ಕ್ರಮ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳಲ್ಲಿ ಸುಗ್ಗಿಯು ಮುಗಿದು ಬಿಸಿಲೇರತೊಡಗಿದೊಡನೆ ತೋಟಗಾರನಿಗೆ ಎರಡು ಚಿಂತೆಗಳು ಒಮ್ಮೆಲೇ ಬಂದೊದಗುತ್ತವೆ. ಮಾವಿನ ಮರಗಳು ಹೂವೇರುವುದರಿಂದ ಜಿಗಿಹುಳುವಿನ ಮತ್ತು ಬೂದಿರೋಗದ ಚಿಂತೆಯು ಒಂದು. ಉದುರಿ ಬಿದ್ದ ಒಣ ಎಲೆಗೆ ಕಿಡಿ ತಗಲೀತೆಂಬ ಚಿಂತೆಯು ಇನ್ನೊಂದು. ಆಳುಗಳು ಸಕಾಲಕ್ಕೆ ದೊರೆಯದಿರುವಲ್ಲಿ, ಪೆಟ್ರೋಲಿನಿಂದ ನಡೆಯುವ, ಬೆನ್ನಿಗೆ ಹೊರುವ ಗಾಳಿಯಂತ್ರವನ್ನು ಕೊಳ್ಳಬೇಕೆಂದು ಭೂಮಾಲಕರು ಯೋಚಿಸುವುದು ಸಹಜವೇ ಆಗಿದೆ. ಆದರೆ ಅಂಗಡಿಗೆ ಹೋದವರು “ಇದು ಎಷ್ಟು ಅಶ್ವಶಕ್ತಿಯದು?” ಎಂಬ ಒಂದೇ ಪ್ರಶ್ನೆಯನ್ನು ಕೇಳಿ ಹಣವನ್ನು ಎಣಿಸಿಕೊಟ್ಟು ಬಂದರೆ ಮುಂದೆ ಪಶ್ಚಾತ್ತಾಪಪಡಬೇಕಾಗುತ್ತದೆ. ಯಂತ್ರದ ಬಲವನ್ನು ಅದು ಮಾಡಬೇಕಾದ ಕೆಲಸದಿಂದಲೂ ಅದನ್ನು ಹೊರುವವನ ಬೆನ್ನಿನಿಂದಲೂ ಅಳೆಯಬೇಕಲ್ಲದೆ ಇಂಜಿನಿನ ಅಂಕಿಯೊಂದರಿಂದಲೇ ಅಳೆಯಬಾರದು.

ಯಂತ್ರದ ಎರಡು ಬಗೆಗಳು

ಈ ಯಂತ್ರದಲ್ಲಿ ಚಿಕ್ಕದೊಂದು ಇಂಜಿನು ಬೀಸಣಿಗೆಯನ್ನು ಅತಿ ವೇಗದಿಂದ ತಿರುಗಿಸುತ್ತದೆ. ಬೀಸಣಿಗೆಯು ಸೆಳೆದ ಗಾಳಿಯು ಕೊಳವೆಯ ಮೂಲಕ ರಭಸದಿಂದ ಹೊರಬೀಳುತ್ತದೆ. ಇಷ್ಟು ಮಾತ್ರವೇ ಇದ್ದರೆ ಅದು ಎಲೆಯನ್ನು ಊದುವ ಯಂತ್ರ. ಬೀಸಣಿಗೆಯ ಮೇಲ್ಗಡೆ 10 ರಿಂದ 14 ಲೀಟರಿನ ತೊಟ್ಟಿಯನ್ನಿಟ್ಟು, ಅದರಲ್ಲಿಯ ಔಷಧದ್ರವವು ಕೊಳವೆಯ ಬಾಯಿಯಲ್ಲಿ ಗಾಳಿಯ ಹೊಡೆತಕ್ಕೆ ಸಿಕ್ಕಿ ಮಂಜಿನಂತೆ ಒಡೆಯುವ ಹಾಗೆ ಮಾಡಿದರೆ ಅದು ಮಂಜು ಸಿಂಪಡಿಸುವ ಯಂತ್ರ. ಎರಡರ ಮೂಲತತ್ತ್ವವು ಒಂದೇ. ಸಿಂಪಡಿಸುವ ಯಂತ್ರದ ತೊಟ್ಟಿಯನ್ನು ಬರಿದಾಗಿ ತೊಳೆದು ಎಲೆ ಊದಲು ಬಳಸಬಹುದು. ಆದರೆ ಬರಿಯ ಎಲೆಯೂದುವ ಯಂತ್ರದಿಂದ ಔಷಧ ಸಿಂಪಡಿಸಲು ಬಾರದು. ಆದಕಾರಣ ಎರಡೂ ಕೆಲಸವುಳ್ಳವರು ತೊಟ್ಟಿಯುಳ್ಳದ್ದನ್ನೂ, ಕಣ, ಅಂಗಳ, ಬದುಗಳ ಕೆಲಸ ಮಾತ್ರ ಉಳ್ಳವರು ತೊಟ್ಟಿಯಿಲ್ಲದ ಹಗುರವಾದುದನ್ನೂ ನೋಡತಕ್ಕದ್ದು.

ಯಾವ ಕೆಲಸಕ್ಕೆ ಸಲ್ಲುವುದು, ಯಾವುದಕ್ಕೆ ಸಲ್ಲದು

ಹಾನಗಲ್ಲ, ಶಿಗ್ಗಾಂವಿಗಳ ಕಡೆಯ ಮಾವಿನ ತೋಪುಗಳಿಗೆ ಮಂಜಿನ ಯಂತ್ರವು ಹಿತಕರವಾದುದು. ಕೈಪಂಪು ಮುಟ್ಟಲಾರದ ಕೊಂಬೆಗಳೊಳಗೆ ಗಾಳಿಯು ಔಷಧವನ್ನು ಒಯ್ಯುತ್ತದೆ. ಆದರೂ ಹೂವು ಪೂರ್ತಿ ಅರಳಿರುವಾಗ ಸಿಂಪಡಿಸಿದರೆ ಪರಾಗಸ್ಪರ್ಶ ಮಾಡುವ ಜೇನು ಮತ್ತು ನೊಣಗಳು ಸತ್ತು ಕಾಯಿಕಟ್ಟುವುದೇ ಕಡಿಮೆಯಾಗುತ್ತದೆಂಬುದನ್ನು ಮರೆಯಲಾಗದು.

ಅಡಿಕೆಯ ಕೊಳೆರೋಗಕ್ಕೆ ಈ ಯಂತ್ರವನ್ನು ನೆಚ್ಚಬಾರದು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಡಾ. ಲೆಸ್ಲಿ ಕೋಲ್ಮನ್ನರು ಈ ರೋಗವನ್ನು ಶೋಧಿಸಿ ಬೋರ್ಡೋ ದ್ರಾವಣದ ಉಪಾಯವನ್ನು ರೂಢಿಗೆ ತಂದಂದಿನಿಂದಲೂ, ದ್ರಾವಣವು ಗೊನೆಯ ಕಾಯಿಕಾಯಿಗೂ ಲೇಪಿಸಿದಂತೆ ಕೂಡ್ರಬೇಕೆಂಬುದೇ ಮುಖ್ಯವಾದ ನಿಯಮವಾಗಿದೆ. ನೆಲದ ಮೇಲೆ ನಿಂತು ಊದಿದ ಮಂಜು ಎತ್ತರದ ಮರದ ಗೊನೆಯವರೆಗೆ ಹೋಗಿ ಹೀಗೆ ಲೇಪಿಸಲಾರದು. ಗೋವಿನಜೋಳದಲ್ಲಿ ಸೈನಿಕ ಹುಳುವು 2018ರಲ್ಲಿ ಕರ್ನಾಟಕದಲ್ಲಿಯೇ ಭಾರತಕ್ಕೆ ಮೊದಲು ಕಾಣಿಸಿಕೊಂಡಿತು. ಅದು ಸುಳಿಯೊಳಗೆ ಅಡಗಿರುವುದರಿಂದ ಔಷಧವು ಸುಳಿಯಲ್ಲಿ ಇಳಿಯಬೇಕು. ಹೊಲದ ಮೇಲೆ ತೇಲಿ ಹೋಗುವ ಮಂಜಿಗಿಂತ ಕೈಪಂಪಿನ ನೇರವಾದ ಧಾರೆಯೇ ಅಲ್ಲಿ ಲೇಸು.

ಸವಣೂರಿನ ಎಲೆಬಳ್ಳಿ ತೋಟಗಳ ಸಮೀಪದಲ್ಲಿ ವಿಶೇಷ ಎಚ್ಚರಿಕೆಯು ಅವಶ್ಯ. ವೀಳ್ಯದೆಲೆಯನ್ನು ಬೇಯಿಸದೆ ತಿನ್ನುತ್ತಾರೆ. ಪಕ್ಕದ ಹತ್ತಿ ಹೊಲದ ವಿಷವು ಗಾಳಿಯಲ್ಲಿ ತೇಲಿಬಂದು ಎಲೆಯ ಮೇಲೆ ಕುಳಿತರೆ ಅದು ನೇರವಾಗಿ ತಿನ್ನುವವನ ಬಾಯಿಗೆ ಹೋಗುತ್ತದೆ. ಹಿಪ್ಪುನೇರಳೆಯ ತೋಟವಿದ್ದಲ್ಲಿಯೂ ಹಾಗೆಯೇ. ಅಲ್ಲಿ ರೇಷ್ಮೆಹುಳುಗಳು ಸಾಯುತ್ತವೆ. ಯಂತ್ರವು ಎಷ್ಟು ಬಲವಾದುದೋ ಈ ಅಪಾಯವೂ ಅಷ್ಟು ದೂರಕ್ಕೆ ಹೋಗುತ್ತದೆ. ಕಳೆನಾಶಕವನ್ನಂತೂ ಈ ಯಂತ್ರದಿಂದ ಎಂದಿಗೂ ಸಿಂಪಡಿಸಲಾಗದು.

ಇನ್ನು ಎಲೆಯ ವಿಷಯ. ಬದುವಿನಗುಂಟ ಬೆಂಕಿಪಟ್ಟಿಯನ್ನು ಬಿಡಿಸುವುದಕ್ಕೂ, ಮೆಣಸಿನಕಾಯಿ ಮತ್ತು ಅಡಿಕೆ ಒಣಗಿಸುವ ಕಣವನ್ನು ಸ್ವಚ್ಛಗೊಳಿಸುವುದಕ್ಕೂ ಈ ಯಂತ್ರವು ಹತ್ತು ಕಸಬರಿಗೆಗಳ ಕೆಲಸವನ್ನು ಮಾಡೀತು. ಆದರೆ ಮರದ ಬುಡದ ಎಲೆಯನ್ನೆಲ್ಲ ಊದಿ ತೋಟವನ್ನು ಅಂಗಳದಂತೆ ಮಾಡುವುದು ಅವಿವೇಕ. ಆ ಎಲೆಯೇ ನೆಲದ ಹೊದಿಕೆ, ಅದೇ ಬರುವ ವರ್ಷದ ಗೊಬ್ಬರ. ಪಟ್ಟಿಯಿಂದ ತೆಗೆದ ಎಲೆಯನ್ನು ಸುಡದೆ ಗೊಬ್ಬರದ ಗುಂಡಿಗೆ ಹಾಕತಕ್ಕದ್ದು.

ಗಾಳಿಯ ಬಲವನ್ನು ಅಳೆಯುವ ರೀತಿ

ಯಂತ್ರದ ಪತ್ರಿಕೆಯಲ್ಲಿ ಎರಡು ಅಂಕಿಗಳನ್ನು ಹುಡುಕಬೇಕು: ನಿಮಿಷಕ್ಕೆ ಎಷ್ಟು ಘನ ಮೀಟರು ಗಾಳಿ ಹೊರಬೀಳುತ್ತದೆ ಎಂಬುದು ಒಂದು, ಕೊಳವೆಯ ಬಾಯಿಯಲ್ಲಿ ಗಾಳಿಯು ಸೆಕೆಂಡಿಗೆ ಎಷ್ಟು ಮೀಟರು ವೇಗದಿಂದ ಓಡುತ್ತದೆ ಎಂಬುದು ಇನ್ನೊಂದು. ಗಾಳಿಯ ನೂಕುವ ಬಲವು ಇವೆರಡರ ಗುಣಾಕಾರಕ್ಕೆ ತಕ್ಕಂತಿರುತ್ತದೆ. ಒಂದು ಯಂತ್ರವು 14 ಘನ ಮೀಟರನ್ನು 100 ಮೀಟರು ವೇಗದಿಂದಲೂ, ಇನ್ನೊಂದು 20 ಘನ ಮೀಟರನ್ನು 80 ಮೀಟರು ವೇಗದಿಂದಲೂ ಊದುತ್ತವೆಂದು ತಿಳಿಯೋಣ. ವೇಗವನ್ನಷ್ಟೇ ನೋಡಿದವನು ಮೊದಲನೆಯದನ್ನು ಕೊಳ್ಳುತ್ತಾನೆ. ಗುಣಿಸಿ ನೋಡಿದರೆ ಮೊದಲನೆಯದು 1400, ಎರಡನೆಯದು 1600; ಎರಡನೆಯದೇ ಹೆಚ್ಚು ಬಲವುಳ್ಳದ್ದು. ಅಲ್ಲದೆ ಸಣ್ಣ ಬಾಯಿಯಿಂದ ಬಂದ ಗಾಳಿಯ ವೇಗವು ಸ್ವಲ್ಪ ದೂರದಲ್ಲಿಯೇ ಕುಗ್ಗುತ್ತದೆ. ಅಗಲವಾದ ಬಾಯಿಯ ಗಾಳಿಯು ದೂರದವರೆಗೂ ತನ್ನ ಕಸುವನ್ನು ಉಳಿಸಿಕೊಳ್ಳುತ್ತದೆ. ಮರದ ತಲೆಯೊಳಗಿನ ನಿಂತ ಗಾಳಿಯನ್ನು ಹೊರದೂಡಿ ಆ ಸ್ಥಳದಲ್ಲಿ ಮಂಜು ತುಂಬಿದ ಗಾಳಿಯನ್ನು ಸೇರಿಸಬೇಕಾದುದರಿಂದ ಮಾವಿಗೆ ಗಾಳಿಯ ಮೊತ್ತವೇ ಮುಖ್ಯ. ನೆಲಕ್ಕೆ ಅಂಟಿದ ಹಸಿ ಎಲೆಯನ್ನು ಕೀಳುವುದಕ್ಕೆ ವೇಗವು ಮುಖ್ಯ.

ಇಲ್ಲಿ ಒಂದು ಮೋಸಕ್ಕೆ ಎಡೆಯುಂಟು. ಕೊಳವೆಯನ್ನು ತೆಗೆದು ಗಾಳಿಯ ಮೊತ್ತವನ್ನೂ, ಸಣ್ಣ ಬಾಯಿಯನ್ನು ತೊಡಿಸಿ ವೇಗವನ್ನೂ ಅಳೆದು, ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಲು ಬರುತ್ತದೆ. ಎರಡೂ ಅಂಕಿಗಳು ಒಂದೇ ಕೊಳವೆಯಿಂದ ಏಕಕಾಲಕ್ಕೆ ಬಂದವುಗಳೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಪತ್ರಿಕೆಯು ಘನ ಅಡಿಗಳಲ್ಲಿದ್ದರೆ 35ರಿಂದ ಭಾಗಿಸಿದರೆ ಘನ ಮೀಟರು ಬರುತ್ತದೆ. ವೇಗವು ಗಂಟೆಗೆ ಇಷ್ಟು ಕಿಲೋಮೀಟರು ಎಂದಿದ್ದರೆ 3.6ರಿಂದ ಭಾಗಿಸಬೇಕು.

ಹೊರುವವನ ಬೆನ್ನು ಮತ್ತು ಕಿವಿ

ಬಲವಾದ ಯಂತ್ರದ ಬರಿಯ ತೂಕವೇ 10 ರಿಂದ 12 ಕಿಲೋ ಇರುತ್ತದೆ. ತೊಟ್ಟಿಯಲ್ಲಿ 12 ಲೀಟರು ದ್ರಾವಣವನ್ನೂ ಜೊತೆಗೆ ಪೆಟ್ರೋಲನ್ನೂ ತುಂಬಿದರೆ ಆಳಿನ ಬೆನ್ನ ಮೇಲೆ 23 ರಿಂದ 25 ಕಿಲೋ ಭಾರ ಬೀಳುತ್ತದೆ. ಅದರ ಮೇಲೆ ಇಂಜಿನಿನ ನಡುಕ ಬೇರೆ. ಪಟ್ಟಿಗಳು ಅಗಲವಾಗಿಯೂ ಮೆತ್ತಗೂ ಇರಬೇಕು. ಸೊಂಟದ ಪಟ್ಟಿಯಿದ್ದರೆ ಇನ್ನೂ ಉತ್ತಮ. ಇಂಜಿನಿಗೂ ಬೆನ್ನಹಲಗೆಗೂ ನಡುವೆ ರಬ್ಬರಿನ ಅಥವಾ ಸುರುಳಿಯ ಆಧಾರವಿರಬೇಕು. ಯಂತ್ರಕ್ಕೆ ಒಬ್ಬನೇ ಆಳೆಂದು ಲೆಕ್ಕ ಹಿಡಿಯದೆ, ಸರದಿಯ ಮೇಲೆ ಹೊರುವ ಇಬ್ಬರೆಂದು ಹಿಡಿಯತಕ್ಕದ್ದು.

ಇಂಥ ಯಂತ್ರದ ಸಪ್ಪಳವು ಹೊರುವವನ ಕಿವಿಯ ಹತ್ತಿರ 100 ಡೆಸಿಬೆಲಿನ ಆಸುಪಾಸಿನಲ್ಲಿರಬಹುದು. ದಿನಕ್ಕೆ 8 ತಾಸು ಕೇಳಬಹುದಾದ ಸಪ್ಪಳವು 85 ಡೆಸಿಬೆಲೆಂದೂ, ಅದು ಪ್ರತಿ 3 ಡೆಸಿಬೆಲು ಏರಿದಂತೆ ಕೇಳಬಹುದಾದ ಕಾಲವು ಅರ್ಧಕ್ಕಿಳಿಯುತ್ತದೆಂದೂ ಅಮೇರಿಕೆಯ ಕಾರ್ಮಿಕ ಆರೋಗ್ಯ ಸಂಸ್ಥೆಯು ಗೊತ್ತುಪಡಿಸಿದೆ. ಈ ಲೆಕ್ಕದಂತೆ 100 ಡೆಸಿಬೆಲಿನ ಸಪ್ಪಳವನ್ನು ಬರಿಗಿವಿಯಿಂದ ದಿನಕ್ಕೆ 15 ನಿಮಿಷಕ್ಕಿಂತ ಹೆಚ್ಚು ಕೇಳಲಾಗದು. ಹೋದ ಕಿವಿಯು ಮರಳಿ ಬರುವುದಿಲ್ಲ. ಆದಕಾರಣ ಕಿವಿಮುಚ್ಚಿಗೆ, ಕನ್ನಡಕ, ಮುಖಕವಚ ಮತ್ತು ಕೈಚೀಲಗಳ ಬೆಲೆಯನ್ನು ಯಂತ್ರದ ಬೆಲೆಯಲ್ಲಿಯೇ ಕೂಡಿಸಿ ಎಣಿಸುವುದು ಧನಿಯ ಕರ್ತವ್ಯವಾಗಿದೆ.

ಪೆಟ್ರೋಲು ಮತ್ತು ಎಣ್ಣೆ

ಎರಡು ಹೊಡೆತದ ಇಂಜಿನಿಗೆ ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಬೇಕು. 50ಕ್ಕೆ 1 ಎಂದು ಬರೆದಿದ್ದರೆ ಲೀಟರಿಗೆ 20 ಮಿಲಿಲೀಟರು. 25ಕ್ಕೆ 1 ಎಂದಿದ್ದರೆ 40 ಮಿಲಿಲೀಟರು. ಕಣ್ಣಂದಾಜಿನಿಂದ ಸುರಿದವರ ಇಂಜಿನು ಒಂದೋ ಸುಟ್ಟುಹೋಗುತ್ತದೆ, ಇಲ್ಲವೇ ಮಸಿ ಕಟ್ಟಿ ನಿಲ್ಲುತ್ತದೆ. ನಾಲ್ಕು ಹೊಡೆತದ ಇಂಜಿನಿಗೆ ಎಣ್ಣೆಯು ಬೇರೆ ಇರುವುದರಿಂದ ಈ ತೊಂದರೆಯಿಲ್ಲ. 2023ರಿಂದೀಚೆಗೆ ನೂರಕ್ಕೆ 20 ಪಾಲು ಎಥನಾಲು ಬೆರೆತ ಪೆಟ್ರೋಲು ದೇಶದಲ್ಲಿ ಪ್ರಚಾರಕ್ಕೆ ಬಂದಿದೆ. ಎಥನಾಲು ನೀರನ್ನು ಹೀರಿಕೊಳ್ಳುವ ಗುಣವುಳ್ಳದ್ದು. ಆದುದರಿಂದ ಯಂತ್ರದ ರಬ್ಬರು ಕೊಳವೆಗಳು ಅದಕ್ಕೆ ತಾಳುವವೇ ಎಂದು ಕೇಳಬೇಕು. ಕೆಲಸವು ತೀರಿದ ಮೇಲೆ ಟಾಕಿಯನ್ನು ಬರಿದುಮಾಡಿ, ಇಂಜಿನು ತಾನಾಗಿಯೇ ನಿಲ್ಲುವವರೆಗೆ ಓಡಿಸಿ ಇಡಬೇಕು. ಬಿಸಿ ಇಂಜಿನಿಗೆ ಪೆಟ್ರೋಲು ತುಂಬುವುದೂ, ಒಣ ಎಲೆಯ ಮೇಲೆ ಯಂತ್ರವನ್ನು ಇಳಿಸುವುದೂ ಬೆಂಕಿಯನ್ನು ಕರೆದಂತೆಯೇ ಸರಿ.

ಕೊಳ್ಳುವ ಮುಂಚಿನ ಪರೀಕ್ಷೆಗಳು

1. ಯಂತ್ರವನ್ನು ತುಂಬಿದ ತೊಟ್ಟಿಯೊಡನೆ ಹೊರತಕ್ಕ ಆಳಿನ ಬೆನ್ನಿಗೇ ಕಟ್ಟಿ ಕಾಲುತಾಸು ನಡೆಯಿಸಬೇಕು. ಅವನ ಮಾತನ್ನು ಕೇಳಬೇಕು.

2. ಬಿಸಿಯಾದ ಇಂಜಿನನ್ನು ನಿಲ್ಲಿಸಿ ಐದು ನಿಮಿಷದ ಮೇಲೆ ಮರಳಿ ಎಳೆದು ನೋಡಬೇಕು. ಮೂರು ನಾಲ್ಕು ಎಳೆತಕ್ಕೆ ಹೊತ್ತದ ಇಂಜಿನು ಹೊಲದಲ್ಲಿ ಕೈಕೊಡುವುದು.

3. ತೋಪಿನ ಎತ್ತರದ ಮರದ ತುದಿಗೊಂಬೆಗೆ ಕರಿಯ ಕಾಗದದ ತುಂಡನ್ನು ಕಟ್ಟಿ, ಬರಿಯ ನೀರನ್ನು ಸಿಂಪಡಿಸಿ, ಕೂಡಲೇ ಇಳಿಸಿ ನೋಡಬೇಕು. ಸಣ್ಣ ಹನಿಗಳು ಒತ್ತಾಗಿ ಬಿದ್ದಿದ್ದರೆ ಯಂತ್ರವು ಆ ತೋಪಿಗೆ ತಕ್ಕುದು.

4. ತೊಟ್ಟಿಯ ನೀರು ಎಷ್ಟು ನಿಮಿಷಕ್ಕೆ ತೀರುತ್ತದೆಂಬುದನ್ನು ಬರೆದಿಡಬೇಕು. ಈ ಯಂತ್ರಕ್ಕೆ ಕೈಪಂಪಿಗಿಂತ ಬಹಳ ಕಡಿಮೆ ನೀರು ಸಾಕು. ಆದರೆ ಎಕರೆಗೆ ಹೇಳಿದ ಔಷಧದ ಮೊತ್ತವನ್ನು ಮೀರಕೂಡದು. ದ್ರಾವಣವು ಹೆಚ್ಚು ತೀಕ್ಷ್ಣವಾಗಿರುವುದರಿಂದ ಮೈಗೆ ತಾಗದಂತೆ ಇಮ್ಮಡಿ ಜಾಗರೂಕತೆ ಬೇಕು.

5. ಪ್ಲಗ್ಗು, ಎಳೆಯುವ ಹಗ್ಗ, ಗಾಳಿಯ ಸೋಸುಕ ಮೊದಲಾದ ಬಿಡಿಭಾಗಗಳು ಹಾವೇರಿಯಲ್ಲಿಯಾಗಲಿ ಹುಬ್ಬಳ್ಳಿಯಲ್ಲಿಯಾಗಲಿ ದೊರೆಯುವವೇ ಎಂದು ವಿಚಾರಿಸಬೇಕು.

ಊರಿಗೊಂದು ಸಾಕೇ?

ಎರಡು ಮೂರು ಎಕರೆ ತೋಪುಳ್ಳವನಿಗೆ ಈ ಯಂತ್ರವು ವರ್ಷದಲ್ಲಿ ಕೆಲವೇ ದಿನಗಳ ಕೆಲಸದ್ದು. ಉಳಿದ ದಿನಗಳಲ್ಲಿ ಅದು ಮೂಲೆಯಲ್ಲಿ ಕುಳಿತು ಕೆಡುತ್ತದೆ. ಊರ ಪ್ರಮುಖರು ಮುಂದಾಗಿ ನಾಲ್ಕೈದು ಮನೆಗಳನ್ನು ಕೂಡಿಸಿ ಒಂದನ್ನು ಕೊಂಡರೆ ಹಣವೂ ಉಳಿಯುತ್ತದೆ, ಯಂತ್ರವೂ ದುಡಿಯುತ್ತದೆ. ಯಂತ್ರಗಳನ್ನು ಬಾಡಿಗೆಗೆ ಕೊಡುವುದಕ್ಕಾಗಿ ಕರ್ನಾಟಕ ಸರಕಾರವು 2014-15ರಲ್ಲಿ ಆರಂಭಿಸಿದ ಕೃಷಿ ಯಂತ್ರಧಾರೆ ಯೋಜನೆಯ ತತ್ತ್ವವೂ ಇದೇ. ಸಂಶಯವಿದ್ದವರು ರಾಣೆಬೆನ್ನೂರು ತಾಲೂಕಿನ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಆದರೆ ಹೀಗೆ ಕೂಡಿ ಕೊಳ್ಳುವಾಗ ಯಾರು ಎಣ್ಣೆ ಬೆರೆಸುವರು, ಯಾರು ತೊಟ್ಟಿ ತೊಳೆಯುವರು, ಕೆಟ್ಟರೆ ಯಾರು ತೆರುವರು ಎಂಬುದನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಬೇಕು. ಇಲ್ಲವಾದರೆ ಎಲ್ಲರ ಯಂತ್ರವು ಯಾರದೂ ಅಲ್ಲದ್ದಾಗುವುದು.

ಯಂತ್ರವು ಮನೆಗೆ ಬಂದ ದಿನ ಅದರ ಬಲವನ್ನು ಊರೆಲ್ಲ ನೋಡಬಹುದು. ಅದು ತಕ್ಕ ಯಂತ್ರವೋ ಅಲ್ಲವೋ ಎಂಬುದು ತಿಳಿಯುವುದು ಮೂರನೆಯ ವರ್ಷದಲ್ಲಿ: ಆಗ ಇಂಜಿನು ಒಂದೆರಡು ಎಳೆತಕ್ಕೆ ಹೊತ್ತಬೇಕು, ನೆರೆಯವನ ಎಲೆಬಳ್ಳಿಯು ಕೆಡದೆ ಉಳಿದಿರಬೇಕು, ಅದನ್ನು ಹೊತ್ತ ಆಳಿನ ಬೆನ್ನೂ ಕಿವಿಯೂ ಮೊದಲಿನಂತೆಯೇ ಇರಬೇಕು.