ಪರ್ಲ್ ಭಾಷೆಯಲ್ಲಿ ಘಟಕಗಳ ರಚನೆ, ಸ್ಥಾಪನೆ ಮತ್ತು ವಿತರಣೆ

ಪ್ರಾಚೀನ ಕಾವ್ಯಗಳಿಗೆ ಪದಸೂಚಿಗಳನ್ನು ಸಿದ್ಧಪಡಿಸುವುದು, ಪಾಠಾಂತರಗಳನ್ನು ಹೋಲಿಸಿ ಪಟ್ಟಿಮಾಡುವುದು, ಪ್ರಯೋಗಗಳನ್ನು ಎಣಿಸುವುದು ಮುಂತಾದ ಕಾರ್ಯಗಳಲ್ಲಿ ಗಣಕಯಂತ್ರದ ನೆರವನ್ನು ಪಡೆಯುವ ವಿದ್ವಾಂಸರು ಈಗ ಹಲವರುಂಟು. ಇಂತಹ ಕಾರ್ಯಗಳಿಗೆ ಅನುಕೂಲವಾದ ಭಾಷೆಗಳಲ್ಲಿ ಪರ್ಲ್ ಎಂಬುದೊಂದು. ಇದನ್ನು ರಚಿಸಿದ ಲ್ಯಾರಿ ವಾಲ್ ಅವರು ಭಾಷಾಶಾಸ್ತ್ರವನ್ನು ವ್ಯಾಸಂಗಮಾಡಿದವರು. ೧೯೮೭ನೆಯ ಡಿಸೆಂಬರ್ ೧೮ರಂದು ಅದರ ಮೊದಲನೆಯ ಆವೃತ್ತಿಯು ಹೊರಬಂದಿತು. ೧೯೯೪ನೆಯ ಅಕ್ಟೋಬರಿನಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ‘ಮಾಡ್ಯೂಲ್’ ಎಂಬ ವ್ಯವಸ್ಥೆಯು ಸೇರಿತು. ಈ ಶಬ್ದಕ್ಕೆ ಇಲ್ಲಿ ‘ಘಟಕ’ವೆಂದು ವ್ಯವಹರಿಸಲಾಗಿದೆ.

ಒಬ್ಬನು ಬರೆದ ಘಟಕವು ಅವನ ಯಂತ್ರದಲ್ಲಿ ನಡೆದಮಾತ್ರಕ್ಕೆ ಕೃತಕೃತ್ಯವಾಗುವುದಿಲ್ಲ. ಕರ್ತೃವಿನ ಸಹಾಯವಿಲ್ಲದೆ, ಅವನು ಕಂಡರಿಯದ ಮತ್ತೊಬ್ಬನ ಯಂತ್ರದಲ್ಲಿಯೂ ಅದೇ ಫಲವನ್ನು ಕೊಟ್ಟಾಗಲೇ ಅದು ಪ್ರಮಾಣವೆನಿಸುವುದು. ಇಲ್ಲವಾದರೆ ಅದರಿಂದ ಸಿದ್ಧವಾದ ಪದಸೂಚಿಯನ್ನು ಪರೀಕ್ಷಿಸುವ ಮಾರ್ಗವೇ ಇತರರಿಗೆ ಇರುವುದಿಲ್ಲ. ಆದುದರಿಂದ ಘಟಕವನ್ನು ಕಟ್ಟುವ, ನೆಲೆಗೊಳಿಸುವ ಮತ್ತು ಹಂಚುವ ಕ್ರಮವನ್ನು ಸಾಹಿತ್ಯಜ್ಞರೂ ತಿಳಿದಿರುವುದು ಆವಶ್ಯಕ.

೧. ಘಟಕದ ಸ್ವರೂಪ

ಪರ್ಲಿನಲ್ಲಿ ಘಟಕವೆಂದರೆ ಒಂದು ಹೆಸರು ಮತ್ತು ಆ ಹೆಸರಿಗೆ ಅನುಗುಣವಾದ ಒಂದು ಕಡತ. ಭಾಷಾಸಂಬಂಧವಾದ ಘಟಕಗಳನ್ನು ‘ಲಿಂಗ್ವಾ’ ಎಂಬ ಲ್ಯಾಟಿನ್ ಹೆಸರಿನ ಕೆಳಗೆ ಇಡುವುದು ರೂಢಿ. ಉದಾಹರಣೆಗಾಗಿ, ಕನ್ನಡ ಪದಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸುವ ‘ಲಿಂಗ್ವಾ::ಕೆಎನ್::ಸೂಚಿ’ ಎಂಬುದೊಂದನ್ನು ಕಲ್ಪಿಸಿಕೊಳ್ಳಬಹುದು. ಎರಡೆರಡು ವಿಸರ್ಗಾಕಾರದ ಬಿಂದುಗಳಿರುವ ಸ್ಥಳದಲ್ಲಿ ಯಂತ್ರವು ಒಂದು ಡೈರೆಕ್ಟರಿಯಿಂದ ಅದರ ಒಳಗಣ ಡೈರೆಕ್ಟರಿಗೆ ಇಳಿಯುತ್ತದೆ. ಅಂದರೆ ‘ಲಿಂಗ್ವಾ’ದೊಳಗೆ ‘ಕೆಎನ್’, ಅದರೊಳಗೆ ‘ಸೂಚಿ.ಪಿಎಂ’ ಎಂಬ ಕಡತ ಇರತಕ್ಕುದು.

ಕಡತದ ಆದಿಯಲ್ಲಿ ‘ಪ್ಯಾಕೇಜ್’ ಎಂಬ ಪದದೊಡನೆ ಈ ಹೆಸರನ್ನು ಘೋಷಿಸುತ್ತಾರೆ. ಮುಂದೆ ಬರುವ ಸಂಜ್ಞೆಗಳೆಲ್ಲವೂ ಈ ಹೆಸರಿನ ಅಧಿಕಾರಕ್ಕೆ ಒಳಪಡುತ್ತವೆ. ಎರಡು ಘಟಕಗಳಲ್ಲಿ ‘ಜೋಡಿಸು’ ಎಂಬ ಒಂದೇ ಹೆಸರಿನ ವಿಧಿಗಳಿದ್ದರೂ, ಅಧಿಕಾರಭೇದದಿಂದ ಅವು ಬೇರೆಯಾಗಿ ಉಳಿಯುತ್ತವೆ. ಬಳಸುವವನು ‘ಯೂಸ್’ ಎಂಬ ಆಜ್ಞೆಯಿಂದ ಘಟಕವನ್ನು ಕರೆದಾಗ, ಯಂತ್ರವು ತನ್ನ ಮುಖ್ಯಕಾರ್ಯವನ್ನು ಆರಂಭಿಸುವುದಕ್ಕೆ ಮೊದಲೇ ಆ ಕಡತವನ್ನು ಓದಿ ಮುಗಿಸುತ್ತದೆ. ಘಟಕವು ಹೊರಗೆ ಕೊಡಲು ಒಪ್ಪಿದ ವಿಧಿಗಳನ್ನು ಬಳಸುವವನ ಪ್ರದೇಶಕ್ಕೆ ತಂದುಕೊಡುತ್ತದೆ. ಕಡತವು ಯಶಸ್ವಿಯಾಗಿ ಓದಲ್ಪಟ್ಟಿತೆಂಬುದಕ್ಕೆ ಸಾಕ್ಷಿಯಾಗಿ ಕೊನೆಯಲ್ಲಿ ಒಂದು ಸತ್ಯಮೌಲ್ಯವಿರಬೇಕೆಂಬುದು ಬಹುಕಾಲದ ನಿಯಮ. ಸಾಮಾನ್ಯವಾಗಿ ೧ ಎಂಬ ಅಂಕವನ್ನು ಬರೆಯುತ್ತಾರೆ. ೨೦೨೩ರಲ್ಲಿ ಹೊರಬಂದ ೫.೩೮ನೆಯ ಆವೃತ್ತಿಯಿಂದ ಈಚೆಗೆ, ಆ ಆವೃತ್ತಿಯ ನಿಯಮಗಳನ್ನು ಸ್ಪಷ್ಟವಾಗಿ ಕೇಳಿಕೊಂಡ ಕಡತಗಳಿಗೆ ಈ ನಿರ್ಬಂಧವಿಲ್ಲ.

೨. ಹುಡುಕುವ ಸ್ಥಾನಗಳು

ಘಟಕದ ಹೆಸರಷ್ಟೇ ತಿಳಿದರೆ ಯಂತ್ರಕ್ಕೆ ಅದು ಇರುವ ಎಡೆಯು ತಿಳಿಯುವುದಿಲ್ಲ. ಅದಕ್ಕಾಗಿ ಪರ್ಲ್ ‘ಐಎನ್‌ಸಿ’ ಎಂಬ ಹೆಸರಿನ ಸ್ಥಾನಗಳ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತದೆ. ಪಟ್ಟಿಯ ಮೊದಲಿನಿಂದ ಒಂದೊಂದನ್ನೇ ನೋಡುತ್ತ ಹೋಗಿ, ಹೆಸರಿಗೆ ಹೊಂದುವ ಕಡತವು ಮೊದಲು ಎಲ್ಲಿ ದೊರೆಯುವುದೋ ಅದನ್ನೇ ಸ್ವೀಕರಿಸುತ್ತದೆ, ಮುಂದೆ ಹುಡುಕುವುದಿಲ್ಲ. ಇಲ್ಲಿ ಪೂರ್ವವೇ ಬಲೀಯವೆಂಬುದನ್ನು ಗಮನದಲ್ಲಿಡಬೇಕು. ಒಂದೇ ಘಟಕದ ಹಳೆಯ ಪ್ರತಿ ಪಟ್ಟಿಯಲ್ಲಿ ಮುಂಚೆಯೂ ಹೊಸ ಪ್ರತಿ ತರುವಾಯವೂ ಇದ್ದರೆ, ಹಳೆಯದೇ ಸದ್ದಿಲ್ಲದೆ ಬಳಕೆಗೆ ಬರುತ್ತದೆ. ತಿದ್ದಿದ ದೋಷವು ಮತ್ತೆ ಮತ್ತೆ ತಲೆದೋರುವುದಕ್ಕೆ ಅನೇಕವೇಳೆ ಇದೇ ಕಾರಣ.

ಮೊದಲು ಈ ಪಟ್ಟಿಯ ಅಂತ್ಯದಲ್ಲಿ, ಬಳಸುವವನು ಆ ಕ್ಷಣದಲ್ಲಿರುವ ಡೈರೆಕ್ಟರಿಯೂ ಸೇರಿರುತ್ತಿತ್ತು. ಹಲವರು ಬರೆಯಬಹುದಾದ ಡೈರೆಕ್ಟರಿಯೊಂದರಲ್ಲಿ ನಿಂತು ಕೆಲಸಮಾಡುವಾಗ, ಯಂತ್ರದಲ್ಲಿಲ್ಲದ ಒಂದು ಘಟಕದ ಹೆಸರಿನಲ್ಲಿ ದುಷ್ಟನೊಬ್ಬನು ಕಡತವನ್ನಿಟ್ಟಿದ್ದರೆ, ಅದು ಪ್ರಾಮಾಣಿಕ ಘಟಕದಂತೆಯೇ ನಡೆದುಬಿಡುತ್ತಿತ್ತು. ಈ ಅಪಾಯವನ್ನು ಕಂಡು ೨೦೧೭ರಲ್ಲಿ ಬಂದ ೫.೨೬ನೆಯ ಆವೃತ್ತಿಯಲ್ಲಿ ಆ ಸ್ಥಾನವನ್ನು ಪಟ್ಟಿಯಿಂದ ತೆಗೆದುಹಾಕಿದರು. ಇದರಿಂದ ಕೆಲವು ಹಳೆಯ ಘಟಕಗಳ ಸ್ಥಾಪನೆಗೆ ತೊಡಕಾಯಿತು. ಆದರೂ ಸೌಕರ್ಯಕ್ಕಿಂತ ರಕ್ಷಣೆಯು ಮೇಲೆಂದು ನಿರ್ಣಯಿಸಲಾಯಿತು.

೩. ಸ್ಥಾಪನೆಯ ನಾಲ್ಕು ಕ್ರಿಯೆಗಳು

ಘಟಕವನ್ನು ನೆಲೆಗೊಳಿಸುವ ಸಾಂಪ್ರದಾಯಿಕ ಕ್ರಮದಲ್ಲಿ ನಾಲ್ಕು ಕ್ರಿಯೆಗಳಿವೆ. ಮೊದಲನೆಯದು ‘ಮೇಕ್‌ಫೈಲ್.ಪಿಎಲ್’ ಎಂಬ ಕಡತವನ್ನು ಪರ್ಲಿನಿಂದ ನಡೆಸುವುದು. ಇದು ಆಯಾ ಯಂತ್ರದ ಸ್ಥಿತಿಗತಿಗಳನ್ನು ವಿಚಾರಿಸಿ, ಬೇಕಾದ ಇತರ ಘಟಕಗಳು ಇವೆಯೇ ಎಂದು ನೋಡಿ, ಆ ಯಂತ್ರಕ್ಕೆ ತಕ್ಕ ‘ಮೇಕ್‌ಫೈಲ್’ ಎಂಬ ವಿಧಿಪತ್ರವನ್ನು ಬರೆಯುತ್ತದೆ. ವಿಧಿಪತ್ರವನ್ನು ಓದಿ ನಡೆಸುವ ‘ಮೇಕ್’ ಎಂಬ ಉಪಕರಣವನ್ನು ೧೯೭೬ರಲ್ಲಿ ಬೆಲ್ ಪ್ರಯೋಗಶಾಲೆಯಲ್ಲಿ ಸ್ಟೂಅರ್ಟ್ ಫೆಲ್ಡ್‌ಮನ್ ಅವರು ರಚಿಸಿದರು. ಪರ್ಲಿನ ಕಡೆಯಿಂದ ಈ ಪತ್ರವನ್ನು ಸಿದ್ಧಪಡಿಸುವ ಘಟಕಕ್ಕೆ ‘ಎಕ್ಸ್‌ಟ್ಯೂಟಿಲ್ಸ್::ಮೇಕ್‌ಮೇಕರ್’ ಎಂದು ಹೆಸರು.

ಎರಡನೆಯದು ‘ಮೇಕ್’. ಇದರಿಂದ ಘಟಕದ ಕಡತಗಳು ‘ಬಿಲಿಬ್’ ಎಂಬ ತಾತ್ಕಾಲಿಕ ಡೈರೆಕ್ಟರಿಯಲ್ಲಿ, ಮುಂದೆ ಎಲ್ಲಿ ಹೇಗಿರಬೇಕೋ ಹಾಗೆಯೇ, ಜೋಡಿಸಲ್ಪಡುತ್ತವೆ. ‘ಪಾಡ್’ ಎಂಬ ಸರಳ ರೂಪದಲ್ಲಿ ಕರ್ತೃವು ಬರೆದ ವಿವರಣೆಯು ಓದತಕ್ಕ ಪುಟಗಳಾಗಿ ಪರಿವರ್ತನೆ ಹೊಂದುತ್ತದೆ. ಮೂರನೆಯದು ‘ಮೇಕ್ ಟೆಸ್ಟ್’: ಇನ್ನೂ ಸ್ಥಾಪಿತವಾಗದ, ಬಿಲಿಬ್‌ನಲ್ಲಿರುವ ಪ್ರತಿಯನ್ನೇ ಹುಡುಕುವ ಪಟ್ಟಿಯ ತಲೆಗೆ ಸೇರಿಸಿ, ಕರ್ತೃವು ಕೊಟ್ಟ ಪರೀಕ್ಷೆಗಳನ್ನು ನಡೆಸುವುದು. ನಾಲ್ಕನೆಯದು ‘ಮೇಕ್ ಇನ್‌ಸ್ಟಾಲ್’: ಪರೀಕ್ಷೆಯಲ್ಲಿ ನಿಂತ ಪ್ರತಿಯನ್ನು ಶಾಶ್ವತಸ್ಥಾನಕ್ಕೆ ಸಾಗಿಸುವುದು. ಯಂತ್ರದ ಸಾರ್ವತ್ರಿಕ ಸ್ಥಾನಗಳಲ್ಲಿ ಬರೆಯುವ ಅಧಿಕಾರವಿಲ್ಲದವರು ಮೊದಲನೆಯ ಕ್ರಿಯೆಯಲ್ಲಿಯೇ ತಮ್ಮ ಸ್ವಂತ ಡೈರೆಕ್ಟರಿಯನ್ನು ಗೊತ್ತುಮಾಡಿ, ಅದನ್ನು ಹುಡುಕುವ ಪಟ್ಟಿಗೆ ಸೇರಿಸಿಕೊಳ್ಳಬಹುದು.

ಮೇಕ್‌ನ ಹಂಗಿಲ್ಲದೆ ಪರ್ಲಿನಿಂದಲೇ ಎಲ್ಲವನ್ನೂ ನಡೆಸಬೇಕೆಂಬ ಉದ್ದೇಶದಿಂದ ‘ಮಾಡ್ಯೂಲ್::ಬಿಲ್ಡ್’ ಎಂಬ ಮತ್ತೊಂದು ಪದ್ಧತಿ ಹುಟ್ಟಿತು. ಅದು ಕೆಲವು ಕಾಲ ಪರ್ಲಿನ ಮೂಲಸಂಗ್ರಹದಲ್ಲಿಯೇ ಇದ್ದು, ೨೦೧೫ರ ೫.೨೨ನೆಯ ಆವೃತ್ತಿಯಿಂದ ಹೊರಗಾಯಿತು. ಆದರೂ ಬೇಕಾದವರು ಅದನ್ನು ಪ್ರತ್ಯೇಕವಾಗಿ ಸ್ಥಾಪಿಸಿಕೊಳ್ಳಬಹುದು.

೪. ಪರಾಪೇಕ್ಷೆ

ಘಟಕಗಳು ಸಾಮಾನ್ಯವಾಗಿ ಏಕಾಕಿಯಾಗಿರುವುದಿಲ್ಲ. ಪಾಣಿನಿಯ ಸೂತ್ರಗಳು ಧಾತುಪಾಠ ಗಣಪಾಠಗಳನ್ನು ಅಪೇಕ್ಷಿಸುವುದು ಸಂಸ್ಕೃತಜ್ಞರಿಗೆ ವಿದಿತವೇ ಆಗಿದೆ. ‘ಸರ್ವಾದಿ’ ಎಂದಷ್ಟೇ ಹೇಳಿದ ಸೂತ್ರವು ಗಣಪಾಠವಿಲ್ಲದೆ ಕೆಲಸಕ್ಕೆ ಬಾರದು. ಕೇಶಿರಾಜನ ಶಬ್ದಮಣಿದರ್ಪಣಕ್ಕೂ ಧಾತುಪಾಠವು ಅಂಗವಾಗಿದೆ. ಹಾಗೆಯೇ ಒಂದು ಘಟಕವು ಬೇರೆ ಯಾವ ಘಟಕಗಳನ್ನು, ಅವುಗಳ ಎಷ್ಟನೆಯ ಆವೃತ್ತಿಯನ್ನು ಅಪೇಕ್ಷಿಸುವುದೆಂಬುದನ್ನು ಕರ್ತೃವು ಮೇಕ್‌ಫೈಲ್.ಪಿಎಲ್‌ನಲ್ಲಿ ಹೆಸರಿಸಿ ತಿಳಿಸತಕ್ಕುದು. ತನ್ನ ಯಂತ್ರದಲ್ಲಿ ಅವು ಮೊದಲೇ ಇರುವುದರಿಂದ ಈ ಕೊರತೆಯು ಅವನ ಕಣ್ಣಿಗೆ ಬೀಳುವುದಿಲ್ಲ. ಪರರ ಯಂತ್ರದಲ್ಲಿ ಮಾತ್ರ ಬೀಳುತ್ತದೆ.

ಮೇಲೆ ಕಲ್ಪಿಸಿದ ಸೂಚಿಯ ಘಟಕವನ್ನೇ ನೋಡಬಹುದು. ಯೂನಿಕೋಡ್ ಕ್ರಮಾಂಕಗಳಲ್ಲಿ ಳಕಾರವು ವಕಾರಕ್ಕಿಂತ ಮೊದಲು ಬರುತ್ತದೆ. ವರ್ಣಮಾಲೆಯಲ್ಲಿ ಅದರ ಸ್ಥಾನ ಹಕಾರದ ತರುವಾಯ. ಬರಿಯ ಕ್ರಮಾಂಕಗಳಂತೆ ಜೋಡಿಸಿದರೆ ‘ಹಳ್ಳಿ’ ಮುಂದಾಗಿ ‘ಹವಳ’ವು ಹಿಂದಾಗುತ್ತದೆ, ವರ್ಣಮಾಲೆಯಂತೆ ‘ಹವಳ’ವೇ ಮೊದಲು. ಇಂತಹ ಭೇದಗಳನ್ನು ನಿಯಮಗಳಿಂದ ನಿರ್ವಹಿಸುವ ‘ಯೂನಿಕೋಡ್::ಕೊಲೇಟ್’ ಎಂಬ ಘಟಕವು ಪರ್ಲಿನ ಮೂಲಸಂಗ್ರಹದಲ್ಲಿಯೇ ಇದೆ. ಭಾಷಾಭೇದದಿಂದ ಬೇರೆಬೇರೆಯಾಗುವ ಕ್ರಮಗಳಿಗಾಗಿ ಅದರಲ್ಲಿ ಪ್ರತ್ಯೇಕ ಭಾಗಗಳಿದ್ದು, ಕನ್ನಡವೂ ಅವುಗಳಲ್ಲಿ ಒಂದು. ಹೊಸ ಘಟಕವು ಇದನ್ನು ಆಶ್ರಯಿಸುವುದಾದರೆ ಆ ಆಶ್ರಯವನ್ನು ಸಂಖ್ಯಾಸಹಿತವಾಗಿ ಹೇಳುವುದು ಕರ್ತವ್ಯ. ಏಕೆಂದರೆ ನಿಯಮಗಳ ಪಟ್ಟಿಯು ತಿದ್ದುಪಡಿಯಾದಾಗ ಪದಸೂಚಿಯ ಕ್ರಮವೂ ವ್ಯತ್ಯಾಸಗೊಳ್ಳಬಹುದು.

ಶೀಘ್ರಗತಿಗಾಗಿ ಕೆಲವು ಘಟಕಗಳ ಒಂದಂಶವನ್ನು ಸಿ ಭಾಷೆಯಲ್ಲಿ ಬರೆಯುತ್ತಾರೆ. ಸಿ ಮತ್ತು ಪರ್ಲ್‌ಗಳ ನಡುವೆ ಸಂಧಾನವನ್ನು ಮಾಡುವ ರೂಪಕ್ಕೆ ‘ಎಕ್ಸ್‌ಎಸ್’ ಎಂದು ಹೆಸರು. ಇಂತಹವನ್ನು ಸ್ಥಾಪಿಸಬೇಕಾದರೆ ಆ ಯಂತ್ರದಲ್ಲಿ ಸಿ ಕಂಪೈಲರ್ ಇರಲೇಬೇಕು. ಅದಿಲ್ಲದವರಿಗಾಗಿ ಕೆಲವು ಕರ್ತೃಗಳು ಶುದ್ಧ ಪರ್ಲಿನಲ್ಲಿ ಬರೆದ ನಿಧಾನಗತಿಯ ರೂಪವೊಂದನ್ನೂ ಒದಗಿಸುವುದುಂಟು.

೫. ಪರೀಕ್ಷೆ

ಪರೀಕ್ಷೆಗಳನ್ನು ‘ಟಿ’ ಎಂಬ ಡೈರೆಕ್ಟರಿಯಲ್ಲಿ ಇಡುವುದು ಸಂಪ್ರದಾಯ. ಪ್ರತಿಯೊಂದು ಪರೀಕ್ಷೆಯೂ ತಾನು ನಿರೀಕ್ಷಿಸಿದ ಫಲವು ದೊರೆತರೆ ‘ಓಕೆ’ ಎಂದೂ ಇಲ್ಲವಾದರೆ ‘ನಾಟ್ ಓಕೆ’ ಎಂದೂ ಕ್ರಮಸಂಖ್ಯೆಯೊಡನೆ ಬರೆಯುತ್ತದೆ. ಒಟ್ಟು ಎಷ್ಟು ಪರೀಕ್ಷೆಗಳೆಂದು ಮೊದಲೇ ಸಾರಿದ್ದರೆ, ನಡುವೆ ನಿಂತುಹೋದದ್ದೂ ಗೊತ್ತಾಗುತ್ತದೆ.

ಪರೀಕ್ಷೆಯ ಪ್ರಯೋಜನವು ಒಂದು ದೃಷ್ಟಾಂತದಿಂದ ವಿಶದವಾಗುವುದು. ‘ಕಾವ್ಯ’ ಎಂಬ ಪದದ ಉದ್ದವೆಷ್ಟು? ಓದುವವರಿಗೆ ಅಕ್ಷರಗಳು ಎರಡು. ಯೂನಿಕೋಡ್ ಕ್ರಮದಲ್ಲಿ ಕಕಾರ, ದೀರ್ಘಚಿಹ್ನೆ, ವಕಾರ, ಹಲಂತಚಿಹ್ನೆ, ಯಕಾರ ಎಂದು ಸಂಕೇತಗಳು ಐದು. ಯುಟಿಎಫ್-೮ ಎಂಬ ರೂಪದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟುಗಳಾದುದರಿಂದ ಬೈಟುಗಳು ಹದಿನೈದು. ಓದಿದ ಪಠ್ಯವನ್ನು ಸಂಕೇತಗಳಾಗಿ ಬಿಡಿಸಿಕೊಳ್ಳಬೇಕೆಂದು ಪರ್ಲಿಗೆ ತಿಳಿಸದಿದ್ದರೆ ಅದು ಹದಿನೈದೆಂದೇ ಹೇಳುತ್ತದೆ. ಛಂದಸ್ಸಿನ ಗಣಗಳನ್ನು ಎಣಿಸುವ ಘಟಕದಲ್ಲಿ ಈ ಭೇದವು ಅನರ್ಥಕ್ಕೆ ಮೂಲ. ಮೂರು ಎಣಿಕೆಗಳಲ್ಲಿ ತನಗೆ ಯಾವುದು ಬೇಕೆಂಬುದನ್ನು ಕರ್ತೃವು ವಿವರಣೆಯಲ್ಲಿ ಹೇಳಿ ಪರೀಕ್ಷೆಯಲ್ಲಿ ನಿಬಂಧಿಸಿದರೆ, ಬೇರೆ ಯಂತ್ರದಲ್ಲಿ ಅದು ತಪ್ಪಿದೊಡನೆಯೇ ಸ್ಥಾಪನೆಗೆ ಮುಂಚೆಯೇ ದೋಷವು ಹೊರಬೀಳುವುದು.

೬. ಕಟ್ಟು ಮತ್ತು ಭಂಡಾರ

ಘಟಕ, ಪರೀಕ್ಷೆ, ವಿವರಣೆ, ಮೇಕ್‌ಫೈಲ್.ಪಿಎಲ್, ಬದಲಾವಣೆಗಳ ಪಟ್ಟಿ ಇವೆಲ್ಲವನ್ನೂ ಒಂದುಗೂಡಿಸಿ ಕುಗ್ಗಿಸಿದ ಕಡತಕ್ಕೆ ‘ಡಿಸ್ಟ್ರಿಬ್ಯೂಷನ್’ ಎನ್ನುತ್ತಾರೆ. ಓಲೆಯ ಕಟ್ಟಿನಂತೆ ಇದನ್ನು ಕಟ್ಟು ಎನ್ನಬಹುದು. ಅದರ ಹೆಸರಿನಲ್ಲಿಯೇ ಆವೃತ್ತಿಯ ಸಂಖ್ಯೆಯೂ ಇರುತ್ತದೆ. ಕಟ್ಟಿಗೆ ಯಾವ ಯಾವ ಕಡತಗಳು ಸೇರಬೇಕೆಂಬುದನ್ನು ‘ಮ್ಯಾನಿಫೆಸ್ಟ್’ ಎಂಬ ಪಟ್ಟಿಯು ನಿರ್ಣಯಿಸುತ್ತದೆ. ಪಟ್ಟಿಯಲ್ಲಿ ಬಿಟ್ಟುಹೋದ ಕಡತವು ಕರ್ತೃವಿನ ಬಳಿಯಲ್ಲಿ ಇದ್ದೇ ಇರುತ್ತದೆ, ಕಟ್ಟಿನಲ್ಲಿ ಮಾತ್ರ ಇರುವುದಿಲ್ಲ. ‘ಮೇಕ್ ಡಿಸ್ಟ್‌ಟೆಸ್ಟ್’ ಎಂಬ ಆಜ್ಞೆಯು ಪಟ್ಟಿಯಂತೆ ಹೊಸ ಡೈರೆಕ್ಟರಿಯೊಂದನ್ನು ನಿರ್ಮಿಸಿ ಅಲ್ಲಿಯೇ ಪರೀಕ್ಷೆಗಳನ್ನು ನಡೆಸುವುದರಿಂದ, ಇಂತಹ ಲೋಪವನ್ನು ಕಳುಹಿಸುವುದಕ್ಕೆ ಮೊದಲೇ ಕಂಡುಕೊಳ್ಳಬಹುದು.

ಕಟ್ಟುಗಳ ಮಹಾಭಂಡಾರಕ್ಕೆ ‘ಸಿಪ್ಯಾನ್’ ಎಂದು ಹೆಸರು. ಟೆಕ್ ಎಂಬ ಅಕ್ಷರಸಂಯೋಜನ ವ್ಯವಸ್ಥೆಯ ಭಂಡಾರವಾದ ‘ಸಿಟ್ಯಾನ್’ ಎಂಬುದನ್ನು ಮಾದರಿಯಾಗಿಟ್ಟುಕೊಂಡು ಇದನ್ನು ೧೯೯೫ರಲ್ಲಿ ಲೋಕಕ್ಕೆ ತೆರೆದರು. ಇದರ ವ್ಯವಸ್ಥೆಯಲ್ಲಿ ಯಾರ್ಕೊ ಹಿಯೆತಾನಿಯೆಮಿ ಮತ್ತು ಆಂಡ್ರಿಯಾಸ್ ಕೋನಿಗ್ ಅವರ ಹೆಸರುಗಳು ಸ್ಮರಣೀಯ. ಕರ್ತೃಗಳು ‘ಪಾಸ್’ ಎಂಬ ದ್ವಾರದಿಂದ ತಮ್ಮ ಕಟ್ಟುಗಳನ್ನು ಒಪ್ಪಿಸುತ್ತಾರೆ. ಒಂದು ಹೆಸರನ್ನು ಮೊದಲು ಪಡೆದವನಿಗೆ ಅದರಲ್ಲಿ ಅಧಿಕಾರ. ಅವನು ಅದನ್ನು ಇತರರೊಡನೆ ಹಂಚಿಕೊಳ್ಳಬಹುದು, ಬಿಟ್ಟುಕೊಡಬಹುದು. ಅನಧಿಕಾರಿಯು ಅದೇ ಹೆಸರಿನಲ್ಲಿ ಕಟ್ಟನ್ನು ಒಪ್ಪಿಸಿದರೆ ಅದು ಭಂಡಾರದ ಅನುಕ್ರಮಣಿಕೆಯಲ್ಲಿ ಸೇರುವುದಿಲ್ಲ. ಭಂಡಾರದಿಂದ ಕಟ್ಟನ್ನು ತರಿಸಿ, ಅದು ಅಪೇಕ್ಷಿಸುವ ಘಟಕಗಳನ್ನು ಮೊದಲು ನೆಲೆಗೊಳಿಸಿ, ನಾಲ್ಕು ಕ್ರಿಯೆಗಳನ್ನೂ ತಾನೇ ನಡೆಸುವ ಉಪಕರಣಗಳುಂಟು. ೨೦೧೦ರಲ್ಲಿ ತತ್ಸುಹಿಕೊ ಮಿಯಗಾವಾ ಅವರು ರಚಿಸಿದ ‘ಸಿಪ್ಯಾನ್‌ಮೈನಸ್’ ಇವುಗಳಲ್ಲೊಂದು. ‘ಸಿಪ್ಯಾನ್ ಟೆಸ್ಟರ್ಸ್’ ಎಂಬ ಸ್ವಯಂಸೇವಕರು ಹೊಸ ಕಟ್ಟುಗಳ ಪರೀಕ್ಷೆಗಳನ್ನು ನಾನಾವಿಧವಾದ ಯಂತ್ರಗಳಲ್ಲಿ ನಡೆಸಿ ಫಲವನ್ನು ಪ್ರಕಟಿಸುತ್ತಾರೆ.

೭. ವಿಶ್ವಾಸದ ಪ್ರಶ್ನೆ

ಇಲ್ಲಿ ಒಂದು ಆಕ್ಷೇಪವುಂಟು. ಅಪರಿಚಿತನ ಕಟ್ಟನ್ನು ಸ್ಥಾಪಿಸುವುದು ಕ್ಷೇಮವೇ? ಮೇಕ್‌ಫೈಲ್.ಪಿಎಲ್ ಎಂಬುದೂ ಒಂದು ಪರ್ಲ್ ಪ್ರೋಗ್ರಾಮೇ ಆದುದರಿಂದ, ಸ್ಥಾಪನೆಯ ಮೊದಲ ಕ್ರಿಯೆಯಲ್ಲಿಯೇ ಪರನ ಆಜ್ಞೆಗಳು ಯಂತ್ರದಲ್ಲಿ ನಡೆಯಲಾರಂಭಿಸುತ್ತವೆ. ಭಂಡಾರದಲ್ಲಿ ಪ್ರತಿಯೊಂದು ಕಟ್ಟಿಗೂ ಮುದ್ರೆಯಂತಹ ಪರಿಶೀಲನಸಂಖ್ಯೆಗಳನ್ನು ಇಟ್ಟಿರುತ್ತಾರೆ ಎಂದರೆ, ಅದು ಪೂರ್ಣಸಮಾಧಾನವಲ್ಲ. ಕಟ್ಟು ದಾರಿಯಲ್ಲಿ ಕೆಟ್ಟಿಲ್ಲವೆಂಬುದನ್ನು ಆ ಸಂಖ್ಯೆಗಳು ತೋರಿಸಬಲ್ಲವೇ ಹೊರತು, ಕರ್ತೃವು ಪ್ರಾಮಾಣಿಕನೆಂಬುದನ್ನಾಗಲಿ ಶಾಸ್ತ್ರವನ್ನು ಸರಿಯಾಗಿ ಬಲ್ಲವನೆಂಬುದನ್ನಾಗಲಿ ತೋರಿಸಲಾರವು. ಲಿಪಿಕಾರನು ಪ್ರತಿಯನ್ನು ತಪ್ಪಿಲ್ಲದೆ ಎತ್ತಿದ್ದರೂ ಮೂಲದಲ್ಲಿರುವ ಅಪಪಾಠವು ಹಾಗೆಯೇ ಉಳಿಯುವುದಷ್ಟೆ.

ಸಮಾಧಾನವು ಬೇರೆ ಕಡೆಯಲ್ಲಿದೆ. ಪರ್ಲಿನಲ್ಲಿ ಬರೆದ ಘಟಕವು ಮೂಲರೂಪದಲ್ಲಿಯೇ ಹಂಚಲ್ಪಡುವುದರಿಂದ ಅದನ್ನು ಯಾರು ಬೇಕಾದರೂ ಓದಿನೋಡಬಹುದು; ಪರೀಕ್ಷೆಗಳನ್ನು ಓದಿ, ತಮ್ಮದೇ ಪದಗಳಿಂದ ಹೊಸ ಪರೀಕ್ಷೆಗಳನ್ನು ಹೂಡಬಹುದು; ಬದಲಾವಣೆಗಳ ಪಟ್ಟಿಯಿಂದ ಇತಿಹಾಸವನ್ನು ತಿಳಿಯಬಹುದು. ಕರ್ತೃವು ಭಂಡಾರದಿಂದ ತೆಗೆದುಹಾಕಿದ ಹಳೆಯ ಕಟ್ಟುಗಳೂ ‘ಬ್ಯಾಕ್‌ಪ್ಯಾನ್’ ಎಂಬ ಪ್ರತ್ಯೇಕ ಸಂಗ್ರಹದಲ್ಲಿ ದೊರೆಯುತ್ತವೆ.

ಇದರಿಂದ ಗ್ರಂಥಸಂಪಾದಕರಿಗೆ ಒದಗುವ ವಿಧಿಯು ಸ್ಪಷ್ಟ. ಯಂತ್ರದ ನೆರವಿನಿಂದ ಸಿದ್ಧವಾದ ಪದಸೂಚಿಯ ಪೀಠಿಕೆಯಲ್ಲಿ, ಆಧಾರವಾದ ಹಸ್ತಪ್ರತಿಗಳನ್ನು ಹೆಸರಿಸುವಂತೆಯೇ, ಬಳಸಿದ ಘಟಕಗಳ ಹೆಸರನ್ನೂ ಆವೃತ್ತಿಸಂಖ್ಯೆಗಳನ್ನೂ ಪರ್ಲಿನ ಆವೃತ್ತಿಯನ್ನೂ ನಮೂದಿಸತಕ್ಕುದು. ಸ್ವತಃ ಘಟಕವನ್ನು ರಚಿಸಿದವರು ಅದನ್ನು ಪರೀಕ್ಷೆಗಳೊಡನೆ ಕಟ್ಟಾಗಿ ಮಾಡಿ ಭಂಡಾರಕ್ಕೆ ಒಪ್ಪಿಸತಕ್ಕುದು. ಹಾಗೆ ಮಾಡಿದರೆ, ಇಪ್ಪತ್ತು ವರ್ಷಗಳ ತರುವಾಯ ಒಂದು ಪದವು ಸೂಚಿಯಲ್ಲಿ ಏಕೆ ಬಿಟ್ಟುಹೋಯಿತೆಂದು ಕೇಳುವ ವಿದ್ಯಾರ್ಥಿಯು ಆ ಕಟ್ಟನ್ನು ತರಿಸಿ, ಬಿಚ್ಚಿ, ನಡೆಸಿ, ಉತ್ತರವನ್ನು ತಾನೇ ಕಂಡುಕೊಳ್ಳಬಹುದು.