ಕೈ ಬಿಗಿಯಿರುವ ಮನೆಯ ಕ್ರಿಸ್ಮಸ್ ಉಡುಗೊರೆ

ಡಿಸೆಂಬರ್ ತಿಂಗಳು ಹುಟ್ಟಿತೆಂದರೆ ಕ್ರೈಸ್ತ ಮನೆಗಳಲ್ಲಿ ಎರಡು ಲೆಕ್ಕಗಳು ಒಟ್ಟಿಗೆ ಆರಂಭವಾಗುತ್ತವೆ. 25ನೆಯ ತಾರೀಖಿಗೆ ಇನ್ನೆಷ್ಟು ದಿನ ಎಂದು ಮಕ್ಕಳು ಹಾಕುವ ಲೆಕ್ಕ ಒಂದು; ಈ ಸಾರಿಯ ಸಂಬಳ ಎಲ್ಲಿಯವರೆಗೆ ಎಳೆದೀತು ಎಂದು ಹಿರಿಯರು ಹಾಕುವ ಲೆಕ್ಕ ಇನ್ನೊಂದು. ಮೊದಲನೆಯದು ಎಲ್ಲರ ಎದುರಿಗೇ ನಡೆಯುತ್ತದೆ. ಎರಡನೆಯದು ಮಕ್ಕಳು ಮಲಗಿದ ಮೇಲೆ. ಈ ಎರಡನೆಯ ಲೆಕ್ಕದ ವಿಷಯವಾಗಿ ತಮ್ಮೊಡನೆ ನಾಲ್ಕು ಮಾತು.

ಅಂಗಡಿಗೆ ಹೋಗುವ ಮೊದಲೇ, ಇಷ್ಟು ದುಡ್ಡಿಗಿಂತ ಹೆಚ್ಚಿಲ್ಲ ಎಂದು ಗೊತ್ತುಮಾಡಿಕೊಂಡು ಅದನ್ನು ಬೇರೆ ಲಕೋಟೆಯಲ್ಲಿ ತೆಗೆದಿಡಿ. ಮೊಬೈಲಿನಿಂದಲೇ ಹಣ ಕೊಡುವ ಈ ಕಾಲದಲ್ಲಿ ಕೈಯಿಂದ ನೋಟು ಜಾರಿದ್ದು ಕಣ್ಣಿಗೆ ಕಾಣುವುದಿಲ್ಲ. ಲಕೋಟೆ ತೆಳ್ಳಗಾದದ್ದು ಕಾಣುತ್ತದೆ. ಕಂತಿನ ಮೇಲೆ ಮಾತ್ರ ಉಡುಗೊರೆ ಕೊಳ್ಳಬೇಡಿ. ಸಂತೋಷ ಒಂದು ದಿನದ್ದು, ಕಂತು ಮುಂದಿನ ಬೇಸಗೆಯವರೆಗೂ ಬಾಗಿಲು ತಟ್ಟುತ್ತದೆ. ಸ್ವಲ್ಪ ದೊಡ್ಡ ಮಕ್ಕಳಿದ್ದರೆ, 'ಈ ವರ್ಷ ಕೈ ಬಿಗಿ' ಎಂದು ನೇರವಾಗಿ ಹೇಳಿಬಿಡಿ. ಅವರಿಗೆ ಅರ್ಧ ಗೊತ್ತೇ ಇರುತ್ತದೆ. ಮುಚ್ಚಿಟ್ಟರೆ, ತಮ್ಮಿಂದಲೇ ಏನೋ ತಪ್ಪಾಗಿ ಅಪ್ಪ ಅಮ್ಮ ಮುನಿದಿದ್ದಾರೆಂದು ತಿಳಿಯುವ ಮಕ್ಕಳೂ ಉಂಟು.

ಇನ್ನು ಕೊಡುವುದೇನು? ಮಂಗಳೂರಿನ ಕಡೆಯ ಕೊಂಕಣಿ ಕ್ರೈಸ್ತರ ಕುಸ್ವಾರನ್ನು ನೆನೆಸಿಕೊಳ್ಳಿ. ಕೊಬ್ಬರಿ, ಎಳ್ಳು, ಸಕ್ಕರೆ, ಏಲಕ್ಕಿಯ ಹೂರಣ ತುಂಬಿದ ನೆವ್ರಿ, ಅಂದರೆ ನಮ್ಮ ಕರ್ಜಿಕಾಯಿಯ ಒಡಹುಟ್ಟಿದವಳು, ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಮಾಡಿ, ಕರಿದು, ಪಾಕದಲ್ಲಿ ಹೊರಳಿಸಿದ ಕಿಡಿಯೊ, ಗೋಲಿಯಂಥ ಗುಳಿಯೊ, ಕಬ್ಬಿಣದ ಅಚ್ಚಿನಲ್ಲಿ ಅರಳುವ ಗುಲಾಬಿ ಕುಕ್ಕೀಸು. ಹಬ್ಬಕ್ಕೆ ಇವನ್ನೆಲ್ಲ ತಟ್ಟೆಯಲ್ಲಿ ಜೋಡಿಸಿ, ಜಾತಿಮತ ನೋಡದೆ ನೆರೆಹೊರೆಗೆ ಕಳಿಸುವುದು ಅಲ್ಲಿಯ ಪದ್ಧತಿ. ಈಗ ಬೇಕರಿಗಳಲ್ಲಿ ಡಬ್ಬಿ ಕಟ್ಟಿ ಮಾರುತ್ತಾರೆ, ಕೊಂಡರೆ ತಪ್ಪಲ್ಲ. ಆದರೆ ಖರ್ಚು ಹಿಡಿಯಬೇಕಾದವರು ಹೀಗೆ ಮಾಡಬಹುದು: ನಾಲ್ಕು ಬಗೆಯನ್ನು ಒಂದೇ ಮನೆಯಲ್ಲಿ ಕರಿಯಲು ಹೊರಡದೆ, ನಾಲ್ಕು ಮನೆಯವರು ಒಂದೊಂದು ಬಗೆಯನ್ನು ಹಂಚಿಕೊಳ್ಳುವುದು. ಆಮೇಲೆ ಅದಲು ಬದಲು. ಎಣ್ಣೆಯೂ ಉಳಿಯಿತು, ನಡುವೂ ಉಳಿಯಿತು. ಕುಕ್ಕೀಸಿನ ಪಾಲು ತಮಗೆ ಬಂದರೆ ಒಂದು ಎಚ್ಚರಿಕೆ: ಅಚ್ಚನ್ನು ಮೊದಲು ಕಾದ ಎಣ್ಣೆಯಲ್ಲೇ ಇಟ್ಟು ಬಿಸಿಮಾಡಿ, ಬಳಿಕ ಹಿಟ್ಟಿನಲ್ಲಿ ಅದ್ದಿ, ಅದ್ದುವಾಗ ಅಚ್ಚಿನ ಮೇಲಂಚು ಮುಳುಗಬಾರದು. ಮುಳುಗಿತೋ, ಹಿಟ್ಟು ಅಚ್ಚನ್ನು ಕವುಚಿಕೊಂಡು ಏನು ಮಾಡಿದರೂ ಬಿಡುವುದಿಲ್ಲ. ಚೆನ್ನಾಗಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ, ಇಲ್ಲವಾದರೆ ಮೆತ್ತಗಾದೀತು.

ಮನೆಯ ಹಿರಿಯರಿಗೆ ಹೊಸ ವಸ್ತುವಿಗಿಂತ ಹಳೆಯದು ಸರಿಯಾಗುವುದೇ ಹೆಚ್ಚು. ಅಜ್ಜನ ಕನ್ನಡಕದ ಸಡಿಲ ಕಡ್ಡಿ, ದಾರ ಕಟ್ಟಿ ಬಳಸುತ್ತಿರುವ ಕೊಡೆ, ಗೊರಗೊರ ಎನ್ನುವ ರೇಡಿಯೋ: ಇವುಗಳಲ್ಲಿ ಒಂದನ್ನು ಅವರಿಗೆ ತಿಳಿಯದಂತೆ ರಿಪೇರಿ ಮಾಡಿಸಿ ಹಬ್ಬದ ಬೆಳಗ್ಗೆ ಮುಂದಿಡಿ. ಅಜ್ಜಿಗೆ ಕೊಡುವುದಕ್ಕಿಂತ ಅವರಿಂದ ಪಡೆಯುವುದೇ ಒಳ್ಳೆಯ ಉಡುಗೊರೆ. ಅವರು ಬಾಯಲ್ಲಿ ಹೇಳುವ ಅಡಿಗೆಗಳನ್ನು ಒಂದು ನೋಟು ಪುಸ್ತಕದಲ್ಲಿ ಬರೆದುಕೊಂಡು ಮದುವೆಯಾಗಿ ಹೋದ ಮಗಳಿಗೆ ಕಳಿಸಿ. 'ಒಂದು ಹಿಡಿ' ಎಂದರೆ ಅಜ್ಜಿಯ ಹಿಡಿಯೋ ಮೊಮ್ಮಗಳ ಹಿಡಿಯೋ ಎಂದು ಕೇಳಿ, ಅಳೆದು, ಬರೆಯುವುದನ್ನು ಮಾತ್ರ ಮರೆಯಬೇಡಿ. ಈ ಕೆಲಸವನ್ನು ಮುಂದಿನ ವರ್ಷಕ್ಕೆಂದು ಇಟ್ಟುಕೊಂಡು ಕೆಟ್ಟವರು ಬಹಳ ಮಂದಿ.

ದೂರದ ನೆಂಟರಿಗೆ ಕಾಗದವೇ ಸಾಕು. ಅಚ್ಚಾದ ಕ್ರಿಸ್ಮಸ್ ಕಾರ್ಡು ಹುಟ್ಟಿದ್ದೇ ಪುರಸೊತ್ತಿಲ್ಲದ ಒಬ್ಬ ಮನುಷ್ಯನಿಂದ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಎಂಬಾತ, ಎಲ್ಲರಿಗೂ ಕೈಯಾರೆ ಬರೆಯಲಾರದೆ, ಹಾರ್ಸ್ಲಿ ಎಂಬ ಚಿತ್ರಕಾರನಿಂದ ಚಿತ್ರ ಬರೆಸಿ ಕಾರ್ಡು ಅಚ್ಚು ಹಾಕಿಸಿದ. ಉಳಿದವನ್ನು ಒಂದು ಷಿಲಿಂಗಿಗೊಂದರಂತೆ ಮಾರಾಟಕ್ಕಿಟ್ಟರು. ಅಂದಿನ ಕೂಲಿಕಾರನ ಕೈಗೆ ಎಟಕುವ ಬೆಲೆಯಲ್ಲ. ತಮಗೆ ಒಂದು ಗಂಟೆ ಪುರಸೊತ್ತಿದ್ದರೆ ಆ ಸಿರಿವಂತಿಕೆ ಬೇಕಿಲ್ಲ. ಎರಡು ಪುಟ ಬರೆಯಿರಿ. ಕೆಳಗೆ ಮಕ್ಕಳ ಕೈಬರಹವೂ ನಾಲ್ಕು ಸಾಲಿರಲಿ.

ಚಿಕ್ಕ ಮಕ್ಕಳಿಗೆ ಚನ್ನಪಟ್ಟಣದ ಒಂದು ಬುಗುರಿಯೋ ಗಿಲಕಿಯೋ ಸಾಕು. ಅರಗಿನ ಬಣ್ಣದ ಮರದ ಆಟಿಕೆ ಪ್ಲಾಸ್ಟಿಕ್ಕಿನದಕ್ಕಿಂತ ಬಾಳುತ್ತದೆ. ಇನ್ನೂ ಅಗ್ಗದ ಉಪಾಯವೆಂದರೆ ಗೋದಲಿಯ ಕೆಲಸವನ್ನೇ ಅವರಿಗೆ ಒಪ್ಪಿಸುವುದು. ಬಿದಿರ ಕಡ್ಡಿ, ಗಾಳಿಪಟದ ಕಾಗದ, ಮೈದಾ ಅಂಟು ಕೊಟ್ಟರೆ ನಕ್ಷತ್ರ ಅವರೇ ಕಟ್ಟುತ್ತಾರೆ. ಗೋದಲಿಯ ಹುಲ್ಲುಗಾವಲಿಗೆ ರಾಗಿಯನ್ನು ಒಂದು ರಾತ್ರಿ ನೆನೆಹಾಕಿ, ತಗ್ಗಾದ ತಟ್ಟೆಯಲ್ಲಿ ಮಣ್ಣು ಹರಡಿ ಚೆಲ್ಲಿ, ದಿನವೂ ನೀರು ಚಿಮುಕಿಸಲಿ. 14ನೆಯ ತಾರೀಖಿನ ಸುಮಾರಿಗೆ ಚೆಲ್ಲಿದರೆ ಹಬ್ಬದ ಹೊತ್ತಿಗೆ ಹಸಿರು ನಿಂತಿರುತ್ತದೆ.